ನೀರಗಂಟಿ: ಮರೆಯಾದ ಒಂದು ಕಾಯಕ

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಶಾಲೆ ಕಟ್ಟಿದ ಮಹನೀಯರನ್ನು ಹಲವರು ನೆನೆದಿದ್ದಾರೆ. ಶಾಲೆಯ ದಾಖಲೆಯಲ್ಲಿ ಹೆಸರಿಲ್ಲದಿದ್ದರೂ ಈ ಸೀಮೆಯ ಅನ್ನಕ್ಕೆ ಕಾರಣರಾದ ನೀರಗಂಟಿಗಳ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿತು. ಅವರನ್ನು ಕಣ್ಣಾರೆ ಕಂಡ ನನ್ನ ಓರಗೆಯವರಿಗೆ ಈಗ ಅರವತ್ತು ದಾಟಿದೆ.

ನಮ್ಮ ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಿರಿಯರು ಕೆರೆಗಳನ್ನು ಕಟ್ಟಿ, ಒಂದರ ಕೋಡಿಯ ನೀರು ಇನ್ನೊಂದಕ್ಕೆ ಸೇರುವಂತೆ ಮಾಡಿದರು. ಕೆರೆ ಊರಿನದು, ಅದರ ತೂಬಿನ ಹೊಣೆ ನೀರಗಂಟಿಯದು. ತೂಬು ಎತ್ತುವುದು, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವುದು, ಮಳೆಗಾಲದ ರಾತ್ರಿ ಏರಿಯ ಮೇಲೆ ತಿರುಗಿ ಇಲಿ, ಏಡಿಗಳ ಬಿಲ ಹುಡುಕಿ ಮುಚ್ಚುವುದು ಅವನ ಕೆಲಸ. ಗದ್ದೆ ಗೌಡರದಾಗಲಿ, ಬಡವರದಾಗಲಿ, ಸರದಿ ತಪ್ಪಿಸಿ ಮಡೆ ತಿರುಗಿಸುವ ಹಕ್ಕು ರೈತನಿಗಿರಲಿಲ್ಲ. ಕೆರೆ ಅರ್ಧವೇ ತುಂಬಿದ ವರ್ಷ ಊರವರು ಕೂತು, ತೂಬಿನ ಹತ್ತಿರದ ಜಮೀನನ್ನಷ್ಟೇ ಎಲ್ಲರಿಗೂ ಪಾಲು ಹಾಕಿ ಬೆಳೆಯುವ 'ದಮಾಷಾ' ಪದ್ಧತಿಯೂ ಇತ್ತು. ಆ ತೀರ್ಮಾನವನ್ನು ಗದ್ದೆಯಲ್ಲಿ ನಡೆಸಿಕೊಡುವವನೂ ಇವನೇ. ಕೂಲಿಯೆಂದರೆ ಸುಗ್ಗಿಯಲ್ಲಿ ಕಣದಿಂದ ಸಿಗುತ್ತಿದ್ದ ಆಯ, ಜೊತೆಗೆ ತುಂಡು ಇನಾಂ ಜಮೀನು.

ಇದನ್ನು ಬರೀ ಹೊಗಳಿ ಮುಗಿಸಿದರೆ ಅರ್ಧ ಸತ್ಯವಾದೀತು. ನೀರಗಂಟಿಗಳಲ್ಲಿ ಹೆಚ್ಚಿನವರು ದಲಿತರು. ಊರಿನ ಗದ್ದೆಗೆಲ್ಲ ನೀರು ಹಂಚುವ ಕೈ ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಹುದ್ದೆ ಹುಟ್ಟಿನಿಂದ ಬರುತ್ತಿತ್ತು. ಅಪ್ಪನಿಗೆ ವಯಸ್ಸಾದರೆ ಮಗ ಸನಿಕೆ ಹಿಡಿಯಬೇಕು. ಬೇರೆ ಕೆಲಸ ಬೇಕೆನ್ನುವ ಮಾತೇ ಇರಲಿಲ್ಲ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ಪಟೇಲ, ಶಾನುಭೋಗ, ತೋಟಿ, ತಳವಾರರ ವಂಶಪಾರಂಪರ್ಯ ಹುದ್ದೆಗಳ ಜೊತೆ ನೀರಗಂಟಿಯದೂ ಹೋಯಿತು. ಆದರೂ ರೂಢಿಯ ಬಲದಿಂದ ಎಷ್ಟೋ ಊರುಗಳಲ್ಲಿ ಕೆಲಸ ಮುಂದುವರಿಯಿತು. ಅದನ್ನು ನಿಜವಾಗಿ ನಿಲ್ಲಿಸಿದ್ದು ಕೊಳವೆಬಾವಿ. ನೀರು ಅವರವರ ಹೊಲದಲ್ಲೇ ಬಂದಮೇಲೆ ಕೆರೆಯ ಹೂಳು ಎತ್ತುವವರಿಲ್ಲ, ರಾಜಕಾಲುವೆಯನ್ನು ಕೇಳುವವರಿಲ್ಲ, ಕಣದಲ್ಲಿ ಆಯ ಕೊಡುವವರೂ ಇಲ್ಲ. ಕೊನೆಗೆ ಸಾವಿರ ಅಡಿ ಕೊರೆದರೂ ನೀರು ಸಿಗದ ಕಾಲ ಬಂತು.

ಇದೇ ಅವಧಿಯಲ್ಲಿ ನಮ್ಮ ಶಾಲೆ ಒಂದು ದೊಡ್ಡ ಕೆಲಸ ಮಾಡಿತು. ಗೌಡರ ಮಗ, ನೀರಗಂಟಿಯ ಮಗ ಒಂದೇ ಬೆಂಚಿನಲ್ಲಿ ಕೂತರು. ಅಪ್ಪನ ಸನಿಕೆ ಹಿಡಿಯಲೇಬೇಕೆಂಬ ಕಟ್ಟು ಕಳಚಿತು. ಅದು ಕಳಚಿದ್ದು ಒಳ್ಳೆಯದೇ ಆಯಿತು. ಆದರೆ ಕಟ್ಟಿನ ಜೊತೆಗೆ ತಿಳಿವಳಿಕೆಯನ್ನೂ ನಾವು ಕೈಬಿಟ್ಟೆವು. ಕೆರೆಯಲ್ಲಿ ಇಷ್ಟು ನೀರಿದ್ದರೆ ಎಷ್ಟು ಗದ್ದೆಗೆ ಸಾಕು, ಏರಿ ಎಲ್ಲಿ ಜಿನುಗಿದರೆ ಅಪಾಯ ಎಂಬುದು ಯಾವ ಪಠ್ಯದಲ್ಲೂ ಬರಲಿಲ್ಲ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಹಲವು ಕೆರೆಗಳಿಗೆ ಹರಿದಿದೆ. ಅದು ಅಂತರ್ಜಲ ತುಂಬಲು ಬಿಟ್ಟ ನೀರು. ತೂಬು ಎತ್ತಿ ಗದ್ದೆಗೆ ಹಾಯಿಸುವಂತಿಲ್ಲ. ಕೆರೆ ತುಂಬಿದರೂ ನೀರಗಂಟಿಗೆ ಅಲ್ಲಿ ಕೆಲಸವಿಲ್ಲ.

ನೀರನ್ನು ಎಲ್ಲರಿಗೂ ಸಮನಾಗಿ ಹಂಚುವ ಪ್ರಶ್ನೆ ಮಾತ್ರ ಇಂದಿಗೂ ಉಳಿದಿದೆ. ಆ ಕೆಲಸ ಬಲ್ಲ ಕೆಲವು ಹಿರಿಯರು ಸುತ್ತಲ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಶಾಲೆಯ ಮಕ್ಕಳು ನೋಟ್‌ಬುಕ್ ಹಿಡಿದು ಅವರ ಜಗಲಿಗೆ ಹೋಗಲಿ, ಕೇಳಿ ಬರೆದುಕೊಳ್ಳಲಿ. ಮುಂದಿನ ಸಂಚಿಕೆಯಲ್ಲಿ ಆ ಹಿರಿಯರ ಹೆಸರುಗಳೂ ಅಚ್ಚಾಗಲಿ.