ಖಾಲಿದ್ ಹೋದರು, ಕ್ಲಬ್ಬೂ ಹೋಯಿತು

2017ರ ಏಪ್ರಿಲ್ 30. ಶಿಲ್ಲಾಂಗ್‌ನಲ್ಲಿ ಐ-ಲೀಗ್‌ನ ಕೊನೆಯ ಸುತ್ತಿನ ಪಂದ್ಯ. ಮಿಜೋರಾಂನ ಐಜ್ವಾಲ್ ಎಫ್‌ಸಿಗೆ ಚಾಂಪಿಯನ್ ಆಗಲು ಒಂದು ಡ್ರಾ ಸಾಕಿತ್ತು. ಶಿಲ್ಲಾಂಗ್ ಲಜಾಂಗ್ ಎದುರು ಮೊದಲು ಗೋಲು ಬಿಟ್ಟುಕೊಟ್ಟ ಆ ತಂಡ ದ್ವಿತೀಯಾರ್ಧದಲ್ಲಿ ಸಮ ಮಾಡಿಕೊಂಡು 1–1ರಲ್ಲಿ ಪಂದ್ಯ ಮುಗಿಸಿತು. ಮೋಹನ್ ಬಗಾನ್‌ಗಿಂತ ಒಂದೇ ಅಂಕ ಮುಂದೆ. ಈಶಾನ್ಯ ಭಾರತದ ಕ್ಲಬ್ ಒಂದು ರಾಷ್ಟ್ರೀಯ ಲೀಗ್ ಗೆದ್ದದ್ದು ಅದೇ ಮೊದಲು. ಹಿಂದಿನ ವರ್ಷವಷ್ಟೇ ಕೆಳದರ್ಜೆಗೆ ಬಿದ್ದಿದ್ದ ತಂಡ ಅದು. ಗೋವಾದ ಕ್ಲಬ್‌ಗಳು ಲೀಗ್ ಬಿಟ್ಟು ಹೊರನಡೆದದ್ದರಿಂದ ಅದಕ್ಕೆ ಮತ್ತೆ ಜಾಗ ಸಿಕ್ಕಿತ್ತು.

ಆ ತಂಡದ ಕೋಚ್ ಖಾಲಿದ್ ಜಮೀಲ್. ಒಂದು ವರ್ಷದ ಹಿಂದೆ ಅವರು ಮುಂಬೈ ಎಫ್‌ಸಿಯ ಕೋಚ್ ಆಗಿದ್ದರು. ಅದೇ 2016–17ರ ಲೀಗ್ ಪಟ್ಟಿಯನ್ನು ಮೇಲಿನಿಂದ ಓದಿದರೆ ಮೊದಲ ಹೆಸರು ಐಜ್ವಾಲ್, ಹತ್ತನೆಯ ಹಾಗೂ ಕೊನೆಯ ಹೆಸರು ಮುಂಬೈ ಎಫ್‌ಸಿ. ಕೆಳಗಿಳಿದ ಮುಂಬೈ ಎಫ್‌ಸಿ ಮತ್ತೆ ರಾಷ್ಟ್ರೀಯ ಲೀಗ್‌ನಲ್ಲಿ ಕಾಣಿಸಿಕೊಳ್ಳಲೇ ಇಲ್ಲ.

ನಾಲ್ಕು ಪಂದ್ಯ ಸೋತರೆ ಕೋಚ್‌ನನ್ನು ಬದಲಾಯಿಸಬೇಕು ಎನ್ನುವುದು, ಆ ಜಾಗಕ್ಕೆ ಯಾರು ಬರಬೇಕು ಎಂದು ಜಗಳವಾಡುವುದು ಫುಟ್‌ಬಾಲ್ ಇರುವ ಎಲ್ಲ ಊರಿನಲ್ಲೂ ಇದ್ದದ್ದೇ. ಮುಂಬೈನಲ್ಲಿ ಮಾತ್ರ ಈ ಜಗಳಕ್ಕೆ ಒಂದು ವಿಚಿತ್ರ ಚರಿತ್ರೆಯಿದೆ. ಇಲ್ಲಿ ಅಭಿಮಾನಿಗಳು ಕೋಚ್ ಬಗ್ಗೆ ವಾದಿಸುತ್ತಿರುವಾಗಲೇ ಕ್ಲಬ್ ಕೈತಪ್ಪಿ ಹೋದದ್ದುಂಟು.

ಮ್ಯಾನೇಜರ್ ಎಂದರೆ ಯಾರು?

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ 'ಮ್ಯಾನೇಜರ್' ಎಂದರೆ ಬಹುಕಾಲ ತಂಡದ ಸರ್ವಾಧಿಕಾರಿ: ಆಟಗಾರರನ್ನು ಕೊಳ್ಳುವವನೂ ಮಾರುವವನೂ ಆಡಿಸುವವನೂ ಅವನೇ. ಭಾರತದಲ್ಲಿ ಆ ಪದಕ್ಕೆ ಬೇರೆಯೇ ಅರ್ಥ ಬಂತು. ಇಲ್ಲಿ ತಂಡದ ಮ್ಯಾನೇಜರ್ ಅಂದರೆ ರೈಲು ಟಿಕೆಟ್, ಊಟ, ವಸತಿ ನೋಡಿಕೊಳ್ಳುವವರು. ಆಟ ಕಲಿಸುವವರು ಕೋಚ್. ತಂಡ ಇರಬೇಕೋ ಬೇಡವೋ ಎಂದು ನಿರ್ಧರಿಸುವವರು ಇವರಿಬ್ಬರೂ ಅಲ್ಲ, ಮೂರನೆಯವರು.

ಮುಂಬೈನ ಹಳೆಯ ಫುಟ್‌ಬಾಲ್‌ನಲ್ಲಿ ಕೋಚ್‌ಗೆ ಅಂಥ ಮಹತ್ವವೂ ಇರಲಿಲ್ಲ. 1891ರಲ್ಲಿ ಶುರುವಾದ ರೋವರ್ಸ್ ಕಪ್ ದಶಕಗಳ ಕಾಲ ಬ್ರಿಟಿಷ್ ಸೇನಾ ತಂಡಗಳ ಸೊತ್ತಾಗಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ಮುಂಬೈನದೂ ಅಲ್ಲ, ಕಲ್ಕತ್ತೆಯದೂ ಅಲ್ಲ: 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಕಪ್ ಅವರದೇ ಆಯಿತು. ಕೋಚ್ ಒಬ್ಬರ ಹೆಸರಿನಿಂದಲೇ ತಂಡವೊಂದನ್ನು ಗುರುತಿಸುವುದನ್ನು ಮುಂಬೈ ಪ್ರೇಕ್ಷಕರು ಕಂಡದ್ದು 1950ರ ದಶಕದಲ್ಲಿ. ಸೈಯದ್ ಅಬ್ದುಲ್ ರಹೀಂ ತರಬೇತಿಯ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಹೊತ್ತುಕೊಂಡು ಹೋಯಿತು. ಶಾಲಾ ಮೇಷ್ಟರಾಗಿದ್ದ ರಹೀಂ ಮುಂದೆ ಭಾರತ ತಂಡವನ್ನು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೂ 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನಕ್ಕೂ ಕರೆದೊಯ್ದರು.

ಮುಂಬೈನ ಸ್ವಂತ ತಂಡಗಳು ಹೆಚ್ಚಿನವು ಆಫೀಸು ತಂಡಗಳು. ಟಾಟಾ, ಕ್ಯಾಲ್ಟೆಕ್ಸ್, ಮಫತ್‌ಲಾಲ್, ರೈಲ್ವೆ, ಏರ್ ಇಂಡಿಯಾ, ಒಎನ್‌ಜಿಸಿ, ಮಹೀಂದ್ರಾ. ಬೆಂಗಳೂರಿನ ಎಚ್‌ಎಎಲ್, ಐಟಿಐ ತಂಡಗಳನ್ನು ಕಂಡವರಿಗೆ ಈ ವ್ಯವಸ್ಥೆ ಪರಿಚಿತ. ಹುಡುಗ ಚೆನ್ನಾಗಿ ಆಡಿದರೆ ಕಂಪನಿಯಲ್ಲಿ ಕೆಲಸ, ತಿಂಗಳ ಸಂಬಳ, ಆಟ ಮುಗಿದ ಮೇಲೂ ಒಂದು ಮೇಜು, ಒಂದು ಕುರ್ಚಿ. ಇದರ ಒಳ್ಳೆಯತನ ದೊಡ್ಡದು: ಎಷ್ಟೋ ಮನೆಗಳು ಇದರಿಂದ ನಡೆದವು. ಆದರೆ ಅಂಥ ತಂಡಕ್ಕೆ ಅಭಿಮಾನಿಗಳಿಗಿಂತ ಸಹೋದ್ಯೋಗಿಗಳೇ ಹೆಚ್ಚು. ಕಂಪನಿಯ ಲೆಕ್ಕದಲ್ಲಿ ತಂಡ ಒಂದು ಖರ್ಚು. ಖರ್ಚನ್ನು ಯಾವತ್ತು ಬೇಕಾದರೂ ಹೊಡೆದುಹಾಕಬಹುದು.

ಇದಕ್ಕೆ ದೊಡ್ಡ ಉದಾಹರಣೆ ಮಹೀಂದ್ರಾ ಯುನೈಟೆಡ್. 1962ರಲ್ಲಿ ಹುಟ್ಟಿದ ಈ ತಂಡ 2005–06ರಲ್ಲಿ ಡೆರಿಕ್ ಪೆರೇರಾ ತರಬೇತಿಯಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಗೆದ್ದಿತು. ನಾಲ್ಕೇ ವರ್ಷಕ್ಕೆ, 2010ರಲ್ಲಿ, ಕಂಪನಿ ತಂಡವನ್ನು ಮುಚ್ಚಿತು. ಇನ್ನು ಮುಂದೆ ಶಾಲಾ ಮಕ್ಕಳ ಫುಟ್‌ಬಾಲ್ ಕಡೆ ಗಮನ ಕೊಡುತ್ತೇವೆ ಎಂಬುದು ಅದರ ವಿವರಣೆಯಾಗಿತ್ತು. ದೇಶದ ಚಾಂಪಿಯನ್ ಮಾಡಿದ ಕೋಚ್ ಕೂಡ ತಂಡವನ್ನು ಉಳಿಸಲಾರ ಎಂಬುದು ಅಲ್ಲಿಗೆ ಗೊತ್ತಾಗಿತ್ತು.

ಉಳಿಸುವುದೇ ಕೆಲಸ

ಮುಂಬೈ ಎಫ್‌ಸಿ ಹುಟ್ಟಿದ್ದು 2007ರಲ್ಲಿ. ಹೆಸರಿನಲ್ಲೇ ಕಂಪನಿಯ ಬದಲು ಊರನ್ನು ಇಟ್ಟುಕೊಂಡ ಕ್ಲಬ್, ಹಳದಿ ಅಂಗಿ. ಇಂಗ್ಲೆಂಡಿನ ಡೇವಿಡ್ ಬೂತ್ ಕೋಚ್ ಆಗಿ ಮೊದಲ ಯತ್ನದಲ್ಲೇ 2008ರ ಐ-ಲೀಗ್ ಎರಡನೇ ದರ್ಜೆ ಗೆದ್ದು ತಂಡವನ್ನು ಮೇಲಕ್ಕೆ ತಂದರು. 2009ರಲ್ಲಿ ಆ ಹೊಣೆ ಖಾಲಿದ್ ಜಮೀಲ್ ಅವರಿಗೆ ಬಂತು. ಕುವೈತ್‌ನಲ್ಲಿ ಹುಟ್ಟಿ, ಮಹೀಂದ್ರಾ, ಏರ್ ಇಂಡಿಯಾ ತಂಡಗಳಲ್ಲಿ ಆಡಿ, ಗಾಯಗಳಿಂದ ಬೇಸತ್ತು ಆಟ ನಿಲ್ಲಿಸಿದ್ದ ಅವರಿಗೆ ಆಗ 32 ವರ್ಷ.

ಮುಂದಿನ ಏಳು ಋತುಗಳಲ್ಲಿ ಅವರು ಮಾಡಿದ್ದು ಒಂದೇ ಕೆಲಸ: ಬೀಳದಂತೆ ನೋಡಿಕೊಂಡದ್ದು. ಕೂಪರೇಜ್ ಮೈದಾನ ದುರಸ್ತಿಯಲ್ಲಿದ್ದ ವರ್ಷಗಳಲ್ಲಿ ಮುಂಬೈನ ಈ ತಂಡ ತನ್ನ 'ತವರಿನ' ಪಂದ್ಯಗಳನ್ನು ಪುಣೆಯ ಬಾಲೇವಾಡಿಯಲ್ಲಿ ಆಡಬೇಕಾಯಿತು. ಅಭಿಮಾನಿಗಳು ತಮ್ಮೂರ ತಂಡದ ತವರಿನ ಪಂದ್ಯ ನೋಡಲು ಘಾಟಿ ಹತ್ತಬೇಕಿತ್ತು. ಗೋವಾ, ಕೋಲ್ಕತ್ತಾಗಳ ದೊಡ್ಡ ತಂಡಗಳಷ್ಟು ಹಣವೂ ಇರಲಿಲ್ಲ. ಇದ್ದ ಆಟಗಾರರನ್ನಿಟ್ಟುಕೊಂಡು ಖಾಲಿದ್ ಗಟ್ಟಿಯಾದ ರಕ್ಷಣೆ, ನೇರವಾದ ಉದ್ದನೆಯ ಪಾಸ್, ಸೆಟ್‌ಪೀಸ್ ಗೋಲು ಎಂಬ ಲೆಕ್ಕಾಚಾರದ ಆಟ ಕಟ್ಟಿದರು.

ಅಭಿಮಾನಿಗಳ ದೂರು ಶುರುವಾದದ್ದೂ ಅಲ್ಲಿಂದಲೇ. ಆಟ ನೋಡಲು ಚೆಂದವಿಲ್ಲ, ಗೆಲ್ಲಲು ಹೋಗುವುದಿಲ್ಲ, ಎಷ್ಟು ವರ್ಷ ಬರೀ ಉಳಿದುಕೊಳ್ಳುವುದು? ಈ ಪ್ರಶ್ನೆ ಅನ್ಯಾಯದ್ದೇನೂ ಅಲ್ಲ. ರಜೆಯ ದಿನ ಲೋಕಲ್ ರೈಲಿನಲ್ಲಿ ಜೋತಾಡಿಕೊಂಡು ಬಂದು ಟಿಕೆಟ್ ಕೊಂಡವನಿಗೆ 0–0 ನೋಡಿ ಸಂತೋಷಪಡು ಎಂದು ಹೇಳಲಾಗದು. ಅದರ ಮೇಲೆ 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂದು ಅದೇ ಊರಿನಲ್ಲಿ ಎರಡನೆಯ ತಂಡ ಹುಟ್ಟಿತು. ಮುಂಬೈ ಸಿಟಿ ಎಫ್‌ಸಿಗೆ ರಣಬೀರ್ ಕಪೂರ್ ಒಡೆತನ, ಫ್ರಾನ್ಸ್‌ನ ನಿಕೊಲಾ ಅನೆಲ್ಕಾ ಆಟ. ಒಂದು ಕಡೆ ಆ ಬೆಳಕು, ಇನ್ನೊಂದು ಕಡೆ ಕೂಪರೇಜ್‌ನ ಕೃತಕ ಹುಲ್ಲಿನ ಮೇಲೆ ಅಂಕಕ್ಕೆ ಅಂಕ ಕೂಡಿಸುವ ಖಾಲಿದ್.

2016ರಲ್ಲಿ ಖಾಲಿದ್ ಹೊರಬಂದರು. ಅವರ ಜಾಗಕ್ಕೆ ಸಂತೋಷ್ ಕಶ್ಯಪ್ ಬಂದರು. ಅಶುತೋಷ್ ಮೆಹ್ತಾ, ಜಯೇಶ್ ರಾಣೆಯಂಥ ಮುಂಬೈ ಆಟಗಾರರು ಖಾಲಿದ್ ಹಿಂದೆಯೇ ಐಜ್ವಾಲ್‌ಗೆ ಹೋದರು. ಋತುವಿನ ಮಧ್ಯದಲ್ಲಿ ಮುಂಬೈ ಎಫ್‌ಸಿ ಮತ್ತೆ ಕೋಚ್ ಬದಲಿಸಿ ಸ್ಪೇನ್‌ನ ಆಸ್ಕರ್ ಬ್ರುಸೋನ್ ಅವರನ್ನು ಕರೆಸಿತು. ತಂಡ ಕೊನೆಯ ಸ್ಥಾನದಲ್ಲೇ ಉಳಿಯಿತು. ಇದೇ ಬ್ರುಸೋನ್ ಮುಂದೆ ಬಾಂಗ್ಲಾದೇಶದ ಬಸುಂಧರಾ ಕಿಂಗ್ಸ್ ತಂಡಕ್ಕೆ ಹಲವು ಲೀಗ್ ಪ್ರಶಸ್ತಿ ಗೆದ್ದುಕೊಟ್ಟರು. ಅಂದರೆ ಮುಂಬೈ ಎಫ್‌ಸಿ ಬಿದ್ದದ್ದಕ್ಕೆ ಕೋಚ್‌ಗೆ ಆಟ ಗೊತ್ತಿರಲಿಲ್ಲ ಎಂಬುದಷ್ಟೇ ಕಾರಣವಾಗಲಾರದು.

ಹಾಗಂತ ಖಾಲಿದ್ ಮಾಂತ್ರಿಕರೂ ಅಲ್ಲ. ಐಜ್ವಾಲ್‌ನ ಗೆಲುವಿನ ಬೆನ್ನಲ್ಲೇ ಈಸ್ಟ್ ಬೆಂಗಾಲ್ ಅವರನ್ನು ಕರೆಸಿಕೊಂಡಿತು. ಅಲ್ಲಿ ಒಂದು ಋತು, ನಾಲ್ಕನೆಯ ಸ್ಥಾನ, ಆಮೇಲೆ ಬಾಗಿಲು. ಕಡಿಮೆ ಹಣದ, ಒತ್ತಡ ಕಡಿಮೆಯಿರುವ ತಂಡದಲ್ಲಿ ಫಲ ಕೊಟ್ಟ ವಿಧಾನ, ಪ್ರತಿ ಪಂದ್ಯವನ್ನೂ ಗೆಲ್ಲಲೇಬೇಕೆಂಬ ಲಕ್ಷಾಂತರ ಅಭಿಮಾನಿಗಳ ನಡುವೆ ಫಲ ಕೊಡಲಿಲ್ಲ. ಕೋಚ್‌ನ ಯೋಗ್ಯತೆ ಎಂಬುದು ಅವನೊಬ್ಬನಲ್ಲೇ ಇರುವ ವಸ್ತುವಲ್ಲ. ಅದು ಅವನಿಗೂ ಕ್ಲಬ್ಬಿಗೂ ನಡುವೆ ಕೂಡಿಬರಬೇಕಾದದ್ದು. 'ಇವನ ಬದಲು ಯಾರು?' ಎಂಬ ವಾದದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಈ ಮಾತೇ.

ಅಂಧೇರಿಯ ನೀಲಿ

ಮುಂಬೈ ಎಫ್‌ಸಿ ಇಲ್ಲವಾದ ಮೇಲೆ ಊರಿನ ದೊಡ್ಡ ತಂಡವಾಗಿ ಉಳಿದದ್ದು ಮುಂಬೈ ಸಿಟಿ. ಅದರ ಮೊದಲ ಐದು ಋತುಗಳಲ್ಲಿ ನಾಲ್ವರು ಕೋಚ್‌ಗಳು ಕಾಣಿಸುತ್ತಾರೆ. 2014ರಲ್ಲಿ ಇಂಗ್ಲೆಂಡಿನ ಪೀಟರ್ ರೀಡ್: ಎಂಟು ತಂಡಗಳಲ್ಲಿ ಏಳನೆಯ ಸ್ಥಾನ. 2015ರಲ್ಲಿ ಅನೆಲ್ಕಾ, ಆಟಗಾರನೂ ಅವರೇ ಕೋಚೂ ಅವರೇ: ಆರನೆಯ ಸ್ಥಾನ. ತಂಡ ನವಿ ಮುಂಬೈನಿಂದ ಅಂಧೇರಿಗೆ ಬಂದ 2016ರಲ್ಲಿ ಕೋಸ್ಟರಿಕಾದ ಅಲೆಕ್ಸಾಂಡ್ರೆ ಗಿಮರೈಸ್ ಅದನ್ನು ಲೀಗ್ ಪಟ್ಟಿಯ ತುದಿಗೇರಿಸಿದರು. ಮರು ಋತುವಿನಲ್ಲಿ ಅದೇ ಗಿಮರೈಸ್, ಅದೇ ಕ್ಲಬ್, ಏಳನೆಯ ಸ್ಥಾನ. 2018ರಲ್ಲಿ ಪೋರ್ಚುಗಲ್‌ನ ಜಾರ್ಜ್ ಕೋಸ್ಟಾ ಬಂದು ಸೆಮಿಫೈನಲ್‌ವರೆಗೆ ಒಯ್ದರು, ಗೋವಾ ಎದುರು ತವರಿನಲ್ಲೇ 1–5ರ ಸೋಲು ಕಂಡರು.

ಎಲ್ಲ ಬದಲಾದದ್ದು 2019ರ ನವೆಂಬರ್‌ನಲ್ಲಿ. ಆದರೆ ಆಗ ಬದಲಾದದ್ದು ಒಡೆತನ. ಮ್ಯಾಂಚೆಸ್ಟರ್ ಸಿಟಿಯ ಮಾಲೀಕ ಸಂಸ್ಥೆ ಸಿಟಿ ಫುಟ್‌ಬಾಲ್ ಗ್ರೂಪ್ ಕ್ಲಬ್ಬಿನ ಶೇ. 65 ಪಾಲು ಕೊಂಡಿತು. ಮರುವರ್ಷ ಸ್ಪೇನ್‌ನ ಸರ್ಜಿಯೊ ಲೊಬೆರಾ ಕೋಚ್ ಆದರು. ತಂಡ ಪಟ್ಟಿಯ ಮೊದಲ ಸ್ಥಾನದಲ್ಲಿದ್ದಾಗಲೇ ಎಫ್‌ಸಿ ಗೋವಾ ಕೆಲಸದಿಂದ ತೆಗೆದಿದ್ದ ಕೋಚ್ ಅವರು! ಮುರ್ತಾದಾ ಫಾಲ್, ಅಹ್ಮದ್ ಜಾಹು, ಹ್ಯೂಗೊ ಬೂಮೊ, ಮಂದಾರ್ ರಾವ್ ದೇಸಾಯಿ ಅವರ ಹಿಂದೆ ಗೋವಾದಿಂದ ಮುಂಬೈಗೆ ಬಂದರು. 2021ರಲ್ಲಿ ಮುಂಬೈ ಸಿಟಿ ಲೀಗ್ ಶೀಲ್ಡ್ ಮತ್ತು ಕಪ್ ಎರಡನ್ನೂ ಗೆದ್ದಿತು. ಗೆದ್ದದ್ದು ಕೋಚ್‌ನ ಜಾಣ್ಮೆಯೋ, ಅಷ್ಟು ಆಟಗಾರರನ್ನು ಒಟ್ಟಿಗೆ ಕರೆತರಬಲ್ಲ ಹಣವೋ? ಎರಡೂ ಹೌದು. ಒಂದಿಲ್ಲದೆ ಇನ್ನೊಂದು ನಡೆಯುತ್ತಿರಲಿಲ್ಲ.

ಲೊಬೆರಾ ನಂತರ ಬಂದ ಡೆಸ್ ಬಕಿಂಗ್‌ಹ್ಯಾಂ ಕಾಲದಲ್ಲಿ, 2022ರ ಏಪ್ರಿಲ್‌ನಲ್ಲಿ, ಎಎಫ್‌ಸಿ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತದಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಕ್ಲಬ್ ಎಂಬ ಹೆಸರು ಮುಂಬೈ ಸಿಟಿಗೆ ಬಂತು. 2023ರ ನವೆಂಬರ್‌ನಲ್ಲಿ ಅವರು ಋತುವಿನ ನಡುವೆಯೇ ಇಂಗ್ಲೆಂಡಿನ ಆಕ್ಸ್‌ಫರ್ಡ್ ಯುನೈಟೆಡ್‌ಗೆ ಹೊರಟರು. ಬದಲಿಗೆ ಬಂದ ಪೀಟರ್ ಕ್ರಾಟ್ಕಿ ಅದೇ ಮಾಲೀಕರ ಮೆಲ್ಬರ್ನ್ ಸಿಟಿಯಲ್ಲಿ ಸಹಾಯಕ ಕೋಚ್ ಆಗಿದ್ದವರು. 2024ರ ಮೇ 4ರಂದು ಕೋಲ್ಕತ್ತಾದಲ್ಲಿ ಮೋಹನ್ ಬಗಾನ್ ತಂಡವನ್ನು 3–1ರಿಂದ ಸೋಲಿಸಿ ಅವರು ಕಪ್ ಗೆದ್ದರು. ಹನ್ನೊಂದು ತಿಂಗಳೂ ಕಳೆದಿರಲಿಲ್ಲ. 2025ರ ಮಾರ್ಚ್ 29ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಎದುರಿನ ಪ್ಲೇಆಫ್‌ನಲ್ಲಿ ಅದೇ ಕೋಚ್‌ನ ತಂಡ 0–5ರಿಂದ ಸೋತಿತು.

ಇಂಥ ಸೋಲಿನ ಮರುದಿನ ಅಭಿಮಾನಿಗಳು ಎರಡು ಪಕ್ಷವಾಗುವುದು ಸಹಜ. ಕೋಚ್‌ನನ್ನು ಕೂಡಲೇ ತೆಗೆಯಬೇಕು ಎನ್ನುವವರ ಬಳಿ 0–5 ಇದೆ. ಸಮಯ ಕೊಡಬೇಕು ಎನ್ನುವವರ ಬಳಿ ಹಿಂದಿನ ವರ್ಷದ ಕಪ್ ಇದೆ, ಗೆದ್ದ ಬೆನ್ನಿಗೇ ಕ್ಲಬ್ ಬಿಟ್ಟ ಆಟಗಾರರ ಪಟ್ಟಿಯಿದೆ. ಕ್ಲಬ್ ಕ್ರಾಟ್ಕಿಯವರನ್ನೇ ಮುಂದುವರಿಸಿತು. ಆದರೆ ಆ ವರ್ಷದ ನಿಜವಾದ ಪ್ರಶ್ನೆ ಬೇರೆ ಕಡೆಯಿಂದ ಬಂತು. ಲೀಗ್ ನಡೆಸುವ ಹಕ್ಕಿನ ಒಪ್ಪಂದ ನವೀಕರಣವಾಗದೆ 2025–26ರ ಋತು ಶುರುವಾಗುವುದೇ ಅನುಮಾನವಾಯಿತು. ಡಿಸೆಂಬರ್‌ನಲ್ಲಿ ಸಿಟಿ ಫುಟ್‌ಬಾಲ್ ಗ್ರೂಪ್, ಲೀಗ್‌ನ ಭವಿಷ್ಯದ ಅನಿಶ್ಚಿತತೆಯನ್ನು ಕಾರಣವಾಗಿ ಕೊಟ್ಟು, ತನ್ನ ಪಾಲನ್ನು ಬಿಟ್ಟು ಹೊರಟಿತು. ಯಾವ ಕೋಚ್ ಬೇಕು ಎಂಬ ಬಗ್ಗೆ ನೂರು ಅಭಿಪ್ರಾಯವಿದ್ದ ಅಭಿಮಾನಿಗಳಿಗೆ ಈ ವಿಷಯದಲ್ಲಿ ಅಭಿಪ್ರಾಯ ಹೇಳುವ ಜಾಗವೇ ಇರಲಿಲ್ಲ.

ಮತ್ತೆ ಅದೇ ಪ್ರಶ್ನೆ

ಇಷ್ಟರೊಳಗೆ ಖಾಲಿದ್ ಜಮೀಲ್ ಬಹಳ ದೂರ ಬಂದಿದ್ದರು. 2021ರಲ್ಲಿ ನಾರ್ತ್‌ಈಸ್ಟ್ ಯುನೈಟೆಡ್‌ನ ಹಂಗಾಮಿ ಕೋಚ್ ಆಗಿ ತಂಡವನ್ನು ಸೆಮಿಫೈನಲ್‌ಗೆ ಒಯ್ದು, ಅದೇ ವರ್ಷ ಸೂಪರ್ ಲೀಗ್‌ನ ಮೊದಲ ಭಾರತೀಯ ಪೂರ್ಣಾವಧಿ ಮುಖ್ಯ ಕೋಚ್ ಎನಿಸಿಕೊಂಡರು. ಆಮೇಲೆ ಜಮ್‌ಶೆಡ್‌ಪುರ. 2025ರಲ್ಲಿ ಭಾರತ ತಂಡದ ಕೋಚ್ ಹುದ್ದೆಗೆ ಅರ್ಜಿ ಕರೆದಾಗ ಗ್ವಾರ್ಡಿಯೊಲಾ, ಚಾವಿ ಹೆಸರಿನಲ್ಲೂ ಇಮೇಲ್ ಬಂದವು. ಅವು ಅಸಲಿಯಲ್ಲ ಎಂದು ಫುಟ್‌ಬಾಲ್ ಫೆಡರೇಶನ್ ಸ್ಪಷ್ಟನೆ ಕೊಡಬೇಕಾಯಿತು. ಆಗಸ್ಟ್ 1ರಂದು ಆಯ್ಕೆಯಾದದ್ದು ಖಾಲಿದ್. ಸುಮಾರು ಹದಿಮೂರು ವರ್ಷಗಳ ನಂತರ ಭಾರತ ತಂಡಕ್ಕೆ ಭಾರತೀಯ ಮುಖ್ಯ ಕೋಚ್ ಸಿಕ್ಕಿದ್ದರು. ಮೊದಲ ಟೂರ್ನಿಯಲ್ಲೇ, ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ನಲ್ಲಿ, ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಭಾರತ ಮೂರನೆಯ ಸ್ಥಾನ ಪಡೆಯಿತು. ಅಕ್ಟೋಬರ್ 14ರಂದು ಮಡಗಾಂವ್‌ನಲ್ಲಿ ಸಿಂಗಪುರ ಎದುರು 1–2ರಿಂದ ಸೋತು 2027ರ ಏಷ್ಯನ್ ಕಪ್‌ನ ಬಾಗಿಲು ಮುಚ್ಚಿತು. ಎರಡೂವರೆ ತಿಂಗಳು ಆಗುವಷ್ಟರಲ್ಲಿ 'ಇವರ ಬದಲು ಯಾರು?' ಎಂಬ ಪ್ರಶ್ನೆ ಇಡೀ ದೇಶದ ಪ್ರಶ್ನೆಯಾಯಿತು.

ಈ ಪ್ರಶ್ನೆ ಕೇಳುವುದರಲ್ಲಿ ತಪ್ಪಿಲ್ಲ. ಹಾಗೆ ಜಗಳವಾಡುವವರು ಇರುವುದರಿಂದಲೇ ಆಫೀಸಿನ ತಂಡಕ್ಕೂ ಊರಿನ ಕ್ಲಬ್ಬಿಗೂ ವ್ಯತ್ಯಾಸ. ಆದರೆ ಕೋಚ್ ಮಾತ್ರ ಅಭಿಮಾನಿಯ ಕಣ್ಣೆದುರು ಗೆರೆಯ ಪಕ್ಕದಲ್ಲಿ ನಿಂತಿರುತ್ತಾರೆ, ಹಾಗಾಗಿ ಸಿಟ್ಟೆಲ್ಲ ಅವರ ಮೇಲೆ. ಮೈದಾನ ಎಲ್ಲಿ, ಹಣ ಎಷ್ಟು ದಿನಕ್ಕೆ, ಮುಂದಿನ ವರ್ಷ ಲೀಗ್ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವವರು ಮುಚ್ಚಿದ ಕೋಣೆಯಲ್ಲಿರುತ್ತಾರೆ. ಜರ್ಮನಿಯ ಹೆಚ್ಚಿನ ಕ್ಲಬ್‌ಗಳಲ್ಲಿ ಮತದ ಬಹುಪಾಲು ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಮುಂಬೈನ ಅಭಿಮಾನಿಗೆ ಅಂಥ ಹಕ್ಕು ಯಾವತ್ತೂ ಸಿಕ್ಕಿಲ್ಲ. 2010ರಲ್ಲಿ ಮಹೀಂದ್ರಾ ಮುಚ್ಚಿದಾಗಲೂ 2017ರಲ್ಲಿ ಹಳದಿ ಅಂಗಿ ಮಾಯವಾದಾಗಲೂ ಅವರಿಗೆ ಸಿಕ್ಕಿದ್ದು ಸುದ್ದಿ ಮಾತ್ರ. ಏಳು ವರ್ಷ 'ಬರೀ ಉಳಿದುಕೊಳ್ಳುವ' ತಂಡ ಎಂದು ಬೇಸರಪಟ್ಟವರಿಗೆ, ಉಳಿದುಕೊಳ್ಳುವುದು ಎಷ್ಟು ದೊಡ್ಡ ಕೆಲಸವಾಗಿತ್ತು ಎಂಬುದು ಅದು ನಿಂತ ಮೇಲೆಯೇ ಗೊತ್ತಾಯಿತು.