ಡುಲ್ಬಹಂತೆ ಕುಲ: ವಂಶಾವಳಿ, ನೆಲೆ ಮತ್ತು ಚರಿತ್ರೆ

ಸೊಮಾಲಿ ಜನರ ಚರಿತ್ರೆಯನ್ನು ಬರೆಯಹೊರಡುವವರಿಗೆ ಮೊದಲು ಎದುರಾಗುವುದು ಆಕರಗಳ ಸಮಸ್ಯೆ. ಸೊಮಾಲಿ ಭಾಷೆಗೆ ಅಧಿಕೃತ ಲಿಪಿ ದೊರೆತದ್ದು 1972ರಲ್ಲಿ. ಅದಕ್ಕೂ ಹಿಂದಿನ ಲಿಖಿತ ದಾಖಲೆಗಳಲ್ಲಿ ಬಹುಪಾಲು ಅರಬ್ಬಿಯಲ್ಲಿವೆ. ಇಲ್ಲವೇ ಬ್ರಿಟಿಷ್ ಮತ್ತು ಇಟಾಲಿಯನ್ ಅಧಿಕಾರಿಗಳು ತಮ್ಮ ಆಡಳಿತದ ಅಗತ್ಯಕ್ಕೆ ಬರೆದುಕೊಂಡವು. ಜನರು ತಮ್ಮನ್ನು ಕುರಿತು ತಾವೇ ಕಾಪಾಡಿಕೊಂಡು ಬಂದ ದಾಖಲೆಗಳಲ್ಲಿ ಎರಡು ಮುಖ್ಯವಾದವು. ಒಂದು ವಂಶಾವಳಿ, ಮತ್ತೊಂದು ಕಾವ್ಯ. ಇವೆರಡೂ ಬಾಯಿಂದ ಬಾಯಿಗೆ ಹರಿದು ಬಂದವು. ಆಫ್ರಿಕದ ಕೊಂಬಿನ ಉತ್ತರ ಭಾಗದಲ್ಲಿ ನೆಲೆಸಿರುವ ಡುಲ್ಬಹಂತೆ ಕುಲದ ಚರಿತ್ರೆಯನ್ನು ಈ ಎರಡು ಬಗೆಯ ಆಕರಗಳ ನಡುವಿನ ಘರ್ಷಣೆಯಾಗಿ ನೋಡಲು ಸಾಧ್ಯವಿದೆ. ಒಂದು ಜನಸಮುದಾಯದ ನೆಲ ಯಾವುದು ಎಂಬುದನ್ನು ನಿರ್ಧರಿಸುವುದು ಯಾವುದು? ಬಾವಿಯೇ, ವಂಶವೇ, ನಕ್ಷೆಯ ಮೇಲಿನ ಗೆರೆಯೇ? ಇದು ಕೇವಲ ಶಾಸ್ತ್ರೀಯ ಪ್ರಶ್ನೆಯಲ್ಲ. 2023ರಲ್ಲಿ ಇದೇ ಪ್ರಶ್ನೆಗಾಗಿ ಒಂದು ಪಟ್ಟಣ ತಿಂಗಳುಗಟ್ಟಲೆ ಫಿರಂಗಿ ದಾಳಿಗೆ ತುತ್ತಾಯಿತು.

ವಂಶಾವಳಿಯ ಸ್ವರೂಪ

ಸೊಮಾಲಿ ಸಮಾಜದಲ್ಲಿ ವಂಶಾವಳಿಯನ್ನು 'ಅಬ್ತಿರ್ಸಿ' ಎನ್ನುತ್ತಾರೆ. ಪೂರ್ವಜರನ್ನು ಎಣಿಸುವುದು ಎಂಬುದು ಇದರ ಅರ್ಥ. ನಮ್ಮ ಉತ್ತರ ಕರ್ನಾಟಕದ ಹೆಳವರು ಅನ್ಯ ಕುಟುಂಬಗಳ ವಂಶವನ್ನು ವೃತ್ತಿಯಾಗಿ ಕಾಪಾಡಿಕೊಂಡು ಬಂದವರು. ಸೊಮಾಲಿಗಳಲ್ಲಿ ಅಂಥ ಪ್ರತ್ಯೇಕ ವರ್ಗವಿಲ್ಲ. ಪ್ರತಿಯೊಂದು ಮಗುವೂ ತನ್ನ ತಂದೆ, ಅಜ್ಜ, ಮುತ್ತಜ್ಜ ಎಂದು ಕುಲಮೂಲದವರೆಗಿನ ಹೆಸರುಗಳನ್ನು ಕಂಠಸ್ಥ ಮಾಡುತ್ತದೆ. ಅಪರಿಚಿತರಿಬ್ಬರು ಭೇಟಿಯಾದಾಗ ಈ ಸರಣಿಗಳು ಎಲ್ಲಿ ಕೂಡುತ್ತವೆ ಎಂಬುದರಿಂದ ಅವರ ಸಂಬಂಧದ ದೂರ ಮತ್ತು ಹತ್ತಿರ ತಿಳಿಯುತ್ತದೆ.

ಡುಲ್ಬಹಂತೆಗಳು ದಾರೂದ್ ಎಂಬ ಮಹಾಕುಲದ ಹರ್ತಿ ಶಾಖೆಗೆ ಸೇರಿದವರು. ಮಜೇರ್ತೇನ್ ಮತ್ತು ವರ್ಸಂಗೇಲಿ ಕುಲಗಳು ಹರ್ತಿಯ ಇತರ ಪ್ರಮುಖ ಕವಲುಗಳು. ಕುಲಮೂಲದ ಐತಿಹ್ಯದಂತೆ ದಾರೂದನು ಅರೇಬಿಯಾದಿಂದ ಕಡಲು ದಾಟಿ ಬಂದ ಇಸ್ಮಾಯಿಲ್ ಜಬರ್ತಿಯ ಮಗ. ಬಾವಿಯೊಂದರ ಬಳಿ ಮರದ ಮೇಲೆ ಅಡಗಿದ್ದ ಅವನನ್ನು ದಿರ್ ಕುಲದ ಕನ್ಯೆ ಕಂಡಳೆಂದೂ ಅವಳನ್ನು ಮದುವೆ ಮಾಡಿಕೊಡುವ ಮಾತಿನ ಮೇಲೆ ಅವನು ಕೆಳಗಿಳಿದನೆಂದೂ ಒಂದು ಪಾಠ ಹೇಳುತ್ತದೆ. ಅವನದೆಂದು ನಂಬಲಾದ ಗೋರಿ ಸನಾಗ್ ಪ್ರದೇಶದ ಹೈಲಾನ್‌ನಲ್ಲಿದೆ.

ಈ ಐತಿಹ್ಯವನ್ನು ವಲಸೆಯ ಚರಿತ್ರೆಯೆಂದು ಅಕ್ಷರಶಃ ಸ್ವೀಕರಿಸಲಾಗದು. ಪ್ರವಾದಿಯ ನಾಡಿನೊಂದಿಗೆ ಸಂಬಂಧ ಹೇಳಿಕೊಳ್ಳುವುದು ಇಸ್ಲಾಮನ್ನು ಸ್ವೀಕರಿಸಿದ ಅನೇಕ ಜನಾಂಗಗಳಲ್ಲಿ ಕಂಡುಬರುವ ಆಶಯ. ಆದರೆ ಕಥೆಯ ರಚನೆ ಅರ್ಥಪೂರ್ಣವಾಗಿದೆ. ಹೊರಗಿನಿಂದ ಬಂದವನು ನೆಲದ ಮಗಳನ್ನು ವರಿಸಿ ನೆಲದವನಾಗುತ್ತಾನೆ. ಆ ಭೇಟಿಯೂ ಬಾವಿಯ ದಡದಲ್ಲಿಯೇ ನಡೆಯುತ್ತದೆ. ತಂದೆಯ ಸರಣಿ ಕುಲವನ್ನು ಕೊಟ್ಟರೆ ತಾಯಿಯ ಸಂಬಂಧ ನೆಲೆಯನ್ನು ಕೊಡುತ್ತದೆ.

ವಂಶಾವಳಿಗಳು ಸ್ಥಿರವಾದವುಗಳೂ ಅಲ್ಲ. 1961ರಲ್ಲಿ ಪ್ರಕಟವಾದ 'ಎ ಪ್ಯಾಸ್ಟೋರಲ್ ಡೆಮಾಕ್ರಸಿ' ಎಂಬ ಗ್ರಂಥದಲ್ಲಿ ಮಾನವಶಾಸ್ತ್ರಜ್ಞ ಐ. ಎಂ. ಲೂಯಿಸ್ ಅವರು 'ಉದ್ದ ಕೊಂಬೆ' ಮತ್ತು 'ಗಿಡ್ಡ ಕೊಂಬೆ' ಎಂಬ ಸೊಮಾಲಿ ಪರಿಕಲ್ಪನೆಗಳನ್ನು ಚರ್ಚಿಸಿದ್ದಾರೆ. ಸಂಖ್ಯಾಬಲದಲ್ಲಿ ಬೆಳೆದ ಕವಲಿನ ಸರಣಿ ಉದ್ದವಾಗಿಯೂ ಕ್ಷೀಣಿಸಿದ ಕವಲಿನ ಸರಣಿ ಗಿಡ್ಡವಾಗಿಯೂ ನೆನಪಿನಲ್ಲಿ ಉಳಿಯುತ್ತದೆ. ಆದ್ದರಿಂದ ವಂಶಾವಳಿಯನ್ನು ಕಾಲಗಣನೆಗೆ ನೇರವಾಗಿ ಬಳಸುವುದು ಅಪಾಯಕರ. ಅದು ಗತಕಾಲದ ಪಟ್ಟಿ ಎನ್ನುವುದಕ್ಕಿಂತ ವರ್ತಮಾನದ ಬಾಧ್ಯತೆಗಳ ಪಟ್ಟಿ ಎನ್ನುವುದು ಹೆಚ್ಚು ಸರಿ. ಕೊಲೆಯಾದ ಗಂಡಸಿಗೆ 100 ಒಂಟೆ, ಹೆಂಗಸಿಗೆ 50 ಒಂಟೆ ಎಂಬ ರೂಢಿಯ ಪರಿಹಾರವನ್ನು ಯಾರು ಕೂಡಿ ತೆರಬೇಕು, ಯಾರು ಹಂಚಿಕೊಳ್ಳಬೇಕು ಎಂಬುದು ಈ ಸರಣಿಯಿಂದಲೇ ನಿರ್ಣಯವಾಗುತ್ತದೆ. 'ಹೇರ್' ಎಂಬ ಕುಲಗಳ ನಡುವಿನ ಒಡಂಬಡಿಕೆಯ ಕಟ್ಟಳೆ ಅದಕ್ಕೆ ಬಲ ನೀಡುತ್ತದೆ.

ಬಾವಿ ಮತ್ತು ಹುಲ್ಲುಗಾವಲು

ಡುಲ್ಬಹಂತೆಗಳ ನೆಲೆ ನುಗಾಲ್ ಕಣಿವೆ, ಅದರ ಸುತ್ತಲಿನ ಸೋಲ್ ಪ್ರಸ್ಥಭೂಮಿ, ಬೂಹೂಡ್ಲೆಯನ್ನು ಒಳಗೊಂಡ ಐನ್ ಪ್ರದೇಶ, ಸನಾಗ್‌ನ ಕೆಲವು ಭಾಗ ಹಾಗೂ ದಕ್ಷಿಣಕ್ಕೆ ಹವ್ದ್ ಎಂಬ ವಿಶಾಲ ಹುಲ್ಲುಗಾವಲಿನವರೆಗೆ ಹಬ್ಬಿದೆ. ಅವರ ಮುಖ್ಯ ಪಟ್ಟಣ ಲಾಸ್ ಆನೋದ್. ಸೊಮಾಲಿಯಲ್ಲಿ 'ಲಾಸ್' ಎಂದರೆ ಬಾವಿ, 'ಆನೋ' ಎಂದರೆ ಹಾಲು. ಹಾಲಿನ ಬಾವಿ ಎಂಬ ಈ ಹೆಸರೇ ಪಶುಪಾಲಕರ ಭೂಗೋಳ ಯಾವುದನ್ನು ಆಧರಿಸಿದೆ ಎಂಬುದನ್ನು ತಿಳಿಸುತ್ತದೆ.

ಇಲ್ಲಿ ಎರಡು ಮಳೆಗಾಲಗಳುಂಟು. ಏಪ್ರಿಲ್‌ನಿಂದ ಜೂನ್‌ವರೆಗಿನ 'ಗು' ಮುಖ್ಯವಾದುದು. ಅಕ್ಟೋಬರ್ ಸುಮಾರಿನ 'ದೈರ್' ಚಿಕ್ಕದು. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ 'ಜಿಲಾಲ್' ಕಡು ಬೇಸಿಗೆ. ಮಳೆ ಬಿದ್ದಾಗ ಒಂಟೆಗಳು ಹವ್ದ್‌ನತ್ತ ಹರಡಿಕೊಳ್ಳುತ್ತವೆ. ಜಿಲಾಲ್‌ನಲ್ಲಿ ಎಲ್ಲರೂ ತಂತಮ್ಮ ಬಾವಿಗಳಿಗೆ ಮರಳಬೇಕು. ಒಂಟೆಯ ಹಿಂಡನ್ನು ಅವಿವಾಹಿತ ತರುಣರು ದೂರದ ಮೇವಿಗೆ ಹೊಡೆದುಕೊಂಡು ಹೋಗುತ್ತಾರೆ. ಆಡು ಕುರಿಗಳೊಂದಿಗೆ ಹೆಂಗಸರು, ಮಕ್ಕಳು ಹಟ್ಟಿಯಲ್ಲಿ ಉಳಿಯುತ್ತಾರೆ. ಹೀಗೆ ಒಂದೇ ಕುಟುಂಬ ವರ್ಷದ ಬಹುಕಾಲ ಎರಡು ಕಡೆ ಹಂಚಿಹೋಗಿರುತ್ತದೆ. ಇಂಥ ಬದುಕಿನಲ್ಲಿ ಮೇವು ದೇವರದು, ಮಳೆ ಬಿದ್ದಲ್ಲಿಗೆ ಹೋಗಲು ಎಲ್ಲರಿಗೂ ಅವಕಾಶವುಂಟು; ಆದರೆ ಅಗೆದು ಕಟ್ಟಿದ ಬಾವಿ ಅಗೆದವರ ವಂಶದ್ದು. ಕುಲದ ನೆಲವೆಂಬುದು ಅಂಚುಗಳಿಂದ ಸುತ್ತುವರಿದ ಪ್ರದೇಶವಾಗಿರದೆ ಬಾವಿಗಳನ್ನು ಕೇಂದ್ರವಾಗಿಟ್ಟುಕೊಂಡು ಋತುವಿನೊಂದಿಗೆ ಹಿಗ್ಗಿ ಕುಗ್ಗುವ ವಿಸ್ತಾರವಾಗಿತ್ತು.

ಒಪ್ಪಂದವಿಲ್ಲದ ನೆಲ

ಬ್ರಿಟನ್ 1884ರಿಂದ 1886ರವರೆಗೆ ಉತ್ತರ ಕರಾವಳಿಯ ಸೊಮಾಲಿ ಕುಲಗಳೊಂದಿಗೆ ಪ್ರತ್ಯೇಕ ಒಪ್ಪಂದಗಳನ್ನು ಮಾಡಿಕೊಂಡಿತು. ಏಡನ್ ಕೋಟೆಯ ಸೈನ್ಯಕ್ಕೆ ಮಾಂಸ ಒದಗಿಸುವ ಕುರಿಗಳು ಈ ಕರಾವಳಿಯಿಂದ ಬರುತ್ತಿದ್ದುದು ಇದರ ಹಿಂದಿನ ಒಂದು ಪ್ರಬಲ ಕಾರಣ. 1898ರವರೆಗೆ ಈ ಸಂರಕ್ಷಿತ ಪ್ರದೇಶದ ಆಡಳಿತ ಏಡನ್ನಿನ ಮೂಲಕ ಭಾರತ ಸರ್ಕಾರದ ಅಧೀನದಲ್ಲಿತ್ತು. ಅಲ್ಲಿ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು. ಇಸಾಕ್ ಕುಲಗಳು, ಗದಬುರ್ಸಿ, ಈಸೆ ಮತ್ತು ವರ್ಸಂಗೇಲಿಗಳೊಂದಿಗೆ ಒಪ್ಪಂದಗಳಾದವು. ಒಳನಾಡಿನ ಡುಲ್ಬಹಂತೆಗಳೊಂದಿಗೆ ಅಂಥ ಒಪ್ಪಂದ ಆಗಲೇ ಇಲ್ಲ.

ಆದರೆ ಗೆರೆ ಎಳೆಯಲು ಒಪ್ಪಂದ ಬೇಕಾಗಲಿಲ್ಲ. 1894ರಲ್ಲಿ ಬ್ರಿಟನ್ ಮತ್ತು ಇಟಲಿ ತಮ್ಮ ವಲಯಗಳನ್ನು ವಿಂಗಡಿಸಿಕೊಂಡಾಗ 49ನೆಯ ಪೂರ್ವ ರೇಖಾಂಶ ಗಡಿಯಾಯಿತು. 1897ರಲ್ಲಿ ಬ್ರಿಟನ್ ಮತ್ತು ಇಥಿಯೋಪಿಯಾ ನಡುವಿನ ಒಪ್ಪಂದ ಹವ್ದ್‌ನ ಬಹುಭಾಗವನ್ನು ಇಥಿಯೋಪಿಯಾದ ಕಡೆಗೆ ಬಿಟ್ಟಿತು. ಜಿಲಾಲ್‌ನ ಬಾವಿ ಒಂದು ರಾಜ್ಯದಲ್ಲಿ, ಗು ಋತುವಿನ ಮೇವು ಇನ್ನೊಂದು ರಾಜ್ಯದಲ್ಲಿ ಎಂಬ ಸ್ಥಿತಿ ಹೀಗೆ ಹುಟ್ಟಿತು. ಸಹಿ ಹಾಕದವರು ಆ ಕಾಲದ ದಾಖಲೆಗಳಲ್ಲಿ ಕಾಣಿಸಿಕೊಳ್ಳುವುದು ಕಡಿಮೆ. ಮುಂದೆ ಇದೇ ಕೊರತೆ ಅವರ ವಾದದ ಮುಖ್ಯ ಆಧಾರವಾಯಿತು ಎಂಬುದು ಗಮನಾರ್ಹ.

ದರ್ವೇಶ್ ಕಾಲ

1899ರಲ್ಲಿ ಸಯ್ಯಿದ್ ಮೊಹಮ್ಮದ್ ಅಬ್ದುಲ್ಲಾ ಹಸನ್ ಆರಂಭಿಸಿದ ದರ್ವೇಶ್ ಚಳವಳಿಯ ಬಹುಭಾಗ ನಡೆದದ್ದು ಡುಲ್ಬಹಂತೆಗಳ ನೆಲದಲ್ಲಿ. ಸಯ್ಯಿದ್ ತಂದೆಯ ಕಡೆಯಿಂದ ಓಗಾಡೇನ್ ಕುಲದವನು. ತಾಯಿಯ ಕಡೆಯಿಂದ ಡುಲ್ಬಹಂತೆಯ ಆಲಿ ಗೇರಿ ಶಾಖೆಯವನು. ಸಾಲಿಹಿಯ್ಯಾ ಪಂಥದ ಧಾರ್ಮಿಕ ಶಿಸ್ತು, ಪರಕೀಯರ ವಿರುದ್ಧದ ರೋಷ ಹಾಗೂ ತಾಯಿಯ ಬಂಧುಗಳ ಆಶ್ರಯ ಇವು ಮೂರೂ ಸೇರಿ ಚಳವಳಿ ಬೆಳೆಯಿತು.

ಆದರೆ ಇಡೀ ಕುಲ ಒಂದಾಗಿ ಸಯ್ಯಿದನ ಹಿಂದೆ ನಿಂತಿತೆಂಬ ನಂತರದ ಜನಪ್ರಿಯ ಚಿತ್ರಣ ಪೂರ್ಣ ಸತ್ಯವಲ್ಲ. ಡುಲ್ಬಹಂತೆಗಳ ಪಾರಂಪರಿಕ ಮುಖ್ಯಸ್ಥನಿಗೆ 'ಗರಾದ್' ಎಂಬ ಬಿರುದಿದೆ. ಸಯ್ಯಿದನ ಅಧಿಕಾರವನ್ನು ಒಪ್ಪದ ಗರಾದ್ ಆಲಿಯನ್ನು ಚಳವಳಿಯ ಆರಂಭದ ದಿನಗಳಲ್ಲಿಯೇ ದರ್ವೇಶರು ಕೊಂದರು. ಇದರಿಂದ ಕುಲದ ಬಹುಭಾಗ ಸಿಡಿದೆದ್ದಿತು. ಸಯ್ಯಿದ್ ಕೆಲಕಾಲ ಓಗಾಡೇನ್ ಬಂಧುಗಳ ನಡುವೆ ಆಶ್ರಯ ಪಡೆಯಬೇಕಾಯಿತು. ಆಲಿ ಗೇರಿಗಳು ಮಾತ್ರ ಅವನ ಕೈಬಿಡಲಿಲ್ಲ. ಮುಂದೆ ಅನೇಕ ಶಾಖೆಗಳು ಮತ್ತೆ ದರ್ವೇಶರನ್ನು ಸೇರಿದವು. ಈ ಒಡಕು ಮತ್ತು ಕೂಡುವಿಕೆಗಳನ್ನು ಬಿಟ್ಟರೆ ಉಳಿಯುವುದು ಸ್ತುತಿ ಮಾತ್ರ.

1901ರಿಂದ 1904ರವರೆಗೆ ಬ್ರಿಟಿಷರು ನಾಲ್ಕು ದಂಡಯಾತ್ರೆಗಳನ್ನು ಕೈಗೊಂಡರು. 1903ರ ಏಪ್ರಿಲ್‌ನಲ್ಲಿ ಗುಂಬುರು ಎಂಬಲ್ಲಿ ದರ್ವೇಶರು ಬ್ರಿಟಿಷ್ ಪಡೆಯೊಂದನ್ನು ಸಂಪೂರ್ಣವಾಗಿ ನಾಶ ಮಾಡಿದರು. ಅಲ್ಲಿ ಮಡಿದವರಲ್ಲಿ ಭಾರತದ ಸಿಖ್ ಸೈನಿಕರೂ ಇದ್ದರು. ತಮ್ಮದಲ್ಲದ ಸಾಮ್ರಾಜ್ಯಕ್ಕಾಗಿ ತಮಗೆ ಶತ್ರುಗಳಲ್ಲದವರೊಂದಿಗೆ ಹೋರಾಡಿ ಸತ್ತ ಇವರ ನೆನಪು ಎರಡೂ ದೇಶಗಳ ಚರಿತ್ರೆಯ ಅಂಚಿನಲ್ಲಿ ಉಳಿದಿದೆ. 1904ರ ಜನವರಿಯಲ್ಲಿ ಜಿದ್ಬಾಲಿಯಲ್ಲಿ ದರ್ವೇಶರಿಗೆ ಭಾರೀ ಸೋಲಾಯಿತು. 1905ರ ಇಲ್ಲಿಗ್ ಒಪ್ಪಂದದ ನಂತರ ಕೆಲಕಾಲ ಶಾಂತಿ ನೆಲೆಸಿತು.

1910ರಲ್ಲಿ ಬ್ರಿಟಿಷರು ಒಳನಾಡನ್ನು ತೊರೆದು ಕರಾವಳಿಗೆ ಸರಿದರು. ಹೊರಡುವ ಮುನ್ನ ಕುಲಗಳಿಗೆ ಬಂದೂಕುಗಳನ್ನು ಹಂಚಿದರು. ಅನಂತರದ ಪರಸ್ಪರ ಸೂರೆ ಮತ್ತು ಬರಗಾಲವನ್ನು ಸೊಮಾಲಿಗಳು 'ಹಾರಾಮೆ ಊನೆ', ಅಂದರೆ ನಿಷಿದ್ಧವನ್ನು ತಿಂದ ಕಾಲ ಎಂದು ನೆನೆಯುತ್ತಾರೆ. ಸಂರಕ್ಷಿತ ಪ್ರದೇಶದ ಗಂಡಸರಲ್ಲಿ ಮೂರನೆಯ ಒಂದು ಭಾಗ ಅಳಿಯಿತೆಂಬುದು ಅಂದಿನ ಅಂದಾಜು. ಅಧಿಕಾರಿಗಳ ವರದಿಯಲ್ಲಿ ಅದು 'ಕರಾವಳಿ ಕೇಂದ್ರೀಕರಣ ನೀತಿ'. ಒಂದೇ ಅವಧಿಗೆ ಇಟ್ಟ ಈ ಎರಡು ಹೆಸರುಗಳ ಅಂತರವನ್ನು ಚರಿತ್ರಕಾರ ಮರೆಯುವಂತಿಲ್ಲ.

1913ರ ಆಗಸ್ಟ್‌ನಲ್ಲಿ ಡುಲ್ ಮಡೋಬೆಯಲ್ಲಿ ಒಂಟೆ ದಳದ ನಾಯಕ ರಿಚರ್ಡ್ ಕಾರ್ಫೀಲ್ಡ್ ಹತನಾದ. ದರ್ವೇಶರು ಈ ವೇಳೆಗೆ ನುಗಾಲ್ ಸೀಮೆಯ ತಾಲೆಹ್‌ನಲ್ಲಿ ಭದ್ರವಾದ ಕಲ್ಲುಕೋಟೆಗಳನ್ನು ಕಟ್ಟಿ ನೆಲೆಯೂರಿದ್ದರು. ಕೊನೆಗೆ 1920ರ ಜನವರಿ ಮತ್ತು ಫೆಬ್ರವರಿಯಲ್ಲಿ ಬ್ರಿಟಿಷ್ ವಾಯುಪಡೆಯ 12 ವಿಮಾನಗಳು ದರ್ವೇಶರ ನೆಲೆಗಳ ಮೇಲೆ ಬಾಂಬು ಸುರಿಸಿದವು, ತಾಲೆಹ್ ಪತನವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಯ್ಯಿದ್ ಇಥಿಯೋಪಿಯಾದ ಇಮಿ ಎಂಬಲ್ಲಿ ತೀರಿಕೊಂಡ.

ಕಾವ್ಯವೆಂಬ ದಾಖಲೆ

ಈ ಕಾಲದ ಚರಿತ್ರೆಗೆ ಬ್ರಿಟಿಷ್ ವರದಿಗಳಷ್ಟೇ ಮುಖ್ಯವಾದುದು ಸೊಮಾಲಿ 'ಗಬೈ' ಕಾವ್ಯ. ಗಬೈಯಲ್ಲಿ ಪ್ರತಿ ಸಾಲಿನ ಎರಡೂ ಅರ್ಧಗಳಲ್ಲಿ ಒಂದೇ ಆದಿಧ್ವನಿಯ ಪದ ಇರಬೇಕು. ಆ ಧ್ವನಿ ಕಾವ್ಯದ ಉದ್ದಕ್ಕೂ ಬದಲಾಗಕೂಡದು. ಈ ಕಟ್ಟುನಿಟ್ಟಾದ ನಿಯಮವೇ ಕಾವ್ಯವನ್ನು ನೆನಪಿನಲ್ಲಿ ಹಿಡಿದಿಡುತ್ತದೆ, ಪದ ಬದಲಾದರೆ ಕೇಳುಗರಿಗೆ ತಿಳಿಯುವಂತೆ ಮಾಡುತ್ತದೆ. ವಾಚಕನು ಮೊದಲು ಕವಿಯ ಹೆಸರು ಹೇಳಬೇಕು; ಪಾಠವನ್ನು ಮನಬಂದಂತೆ ತಿದ್ದುವಂತಿಲ್ಲ. ಮೌಖಿಕ ಕಾವ್ಯವೆಂದರೆ ಅನಾಮಧೇಯ, ಸಾಮೂಹಿಕ ಎಂಬ ಜಾನಪದ ಅಧ್ಯಯನದ ಹಳೆಯ ಗ್ರಹಿಕೆ ಇಲ್ಲಿ ನಿಲ್ಲುವುದಿಲ್ಲ.

ಸಯ್ಯಿದ್ ಸ್ವತಃ ಮಹಾಕವಿ. ಕಾರ್ಫೀಲ್ಡನ ಸಾವನ್ನು ಕುರಿತ ಅವನ ಕಾವ್ಯ ಇಂದಿಗೂ ಪ್ರಸಿದ್ಧ. ಡುಲ್ ಮಡೋಬೆಯಲ್ಲಿ ದರ್ವೇಶರನ್ನು ಮುನ್ನಡೆಸಿದ ಇಸ್ಮಾಯಿಲ್ ಮಿರೆ ಡುಲ್ಬಹಂತೆ ಕುಲದವನು, ದಂಡನಾಯಕನೂ ಕವಿಯೂ ಆಗಿದ್ದವನು. ದರ್ವೇಶರ ಪತನದ ನಂತರ 1920ರ ದಶಕದಲ್ಲಿ ಆರಂಭವಾದ 'ಗುಬಾ' ಎಂಬ ಕಾವ್ಯ ಸರಣಿಗೆ ನಾಂದಿ ಹಾಡಿದ ಆಲಿ ಡುಹ್ ಕೂಡ ಇದೇ ಕುಲದವನು. ಓಗಾಡೇನರು ಕಳೆದುಕೊಂಡ ಒಂಟೆ, ಬಾವಿ, ಮೇವುಗಳನ್ನು ಎಣಿಸಿ ಕೆಣಕಿದ ಅವನ ಕಾವ್ಯಕ್ಕೆ ಆ ಕುಲದ ಕಮಾನ್ ಬುಲ್ಹನ್ ಉತ್ತರಿಸಿದ. ಇಸಾಕ್ ಕವಿ ಸಲಾನ್ ಅರ್ರಬೆಯೂ ಇದರಲ್ಲಿ ಸೇರಿಕೊಂಡ. ಸರ್ಕಾರದ ನಕ್ಷೆ ಗುರುತಿಸದ ನೆಲದ ಕೈಬದಲನ್ನು ಈ ಕಾವ್ಯಗಳು ದಾಖಲಿಸಿದವು. ಅದರೊಂದಿಗೆ ಹಗೆಯನ್ನೂ ಜೀವಂತವಾಗಿಟ್ಟವು. ಜಾನಪದವು ಸದಾ ಸಾಮರಸ್ಯದ ವಾಹಕವೆಂದು ಭಾವಿಸುವವರಿಗೆ ಗುಬಾ ಒಂದು ಎಚ್ಚರಿಕೆ.

ಸ್ವಾತಂತ್ರ್ಯದ ನಂತರ

ಬ್ರಿಟಿಷ್ ಸೊಮಾಲಿಲ್ಯಾಂಡ್ 1960ರ ಜೂನ್ 26ರಂದು ಸ್ವತಂತ್ರವಾಗಿ ಜುಲೈ 1ರಂದು ದಕ್ಷಿಣದ ಇಟಾಲಿಯನ್ ಆಡಳಿತದ ಭಾಗದೊಂದಿಗೆ ವಿಲೀನವಾಯಿತು. ಗೆರೆ ಅಳಿಸಿತೆಂದು ಆಗ ತೋರಿತು. 1969ರ ಅಕ್ಟೋಬರ್ 15ರಂದು ಅಧ್ಯಕ್ಷ ಅಬ್ದಿರಶೀದ್ ಆಲಿ ಶರ್ಮಾರ್ಕೆ ಅವರ ಹತ್ಯೆ ನಡೆದದ್ದು ಲಾಸ್ ಆನೋದ್‌ನಲ್ಲಿಯೇ. ವಾರದೊಳಗೆ ಸೈನ್ಯ ಅಧಿಕಾರ ಹಿಡಿಯಿತು. 1991ರಲ್ಲಿ ಸಿಯಾದ್ ಬಾರೆಯ ಆಳ್ವಿಕೆ ಕುಸಿದಾಗ ಹಳೆಯ ಪ್ರಶ್ನೆ ಮರಳಿ ಬಂದಿತು.

1991ರ ಮೇ 18ರಂದು ಬುರಾವ್ ಸಭೆಯಲ್ಲಿ ಸೊಮಾಲಿಲ್ಯಾಂಡ್ ಪ್ರತ್ಯೇಕತೆಯನ್ನು ಘೋಷಿಸಿತು. ಬ್ರಿಟಿಷ್ ಕಾಲದ ಗಡಿಯೇ ತನ್ನ ಗಡಿ ಎಂಬುದು ಅದರ ನಿಲುವು. 1998ರಲ್ಲಿ ಗರೋವೆಯಲ್ಲಿ ಸ್ಥಾಪನೆಯಾದ ಪುಂಟ್‌ಲ್ಯಾಂಡ್ ಹರ್ತಿ ಕುಲಗಳ ಬಂಧುತ್ವವನ್ನು ಆಧಾರವಾಗಿಟ್ಟುಕೊಂಡಿತು. ಒಂದು ಗೆರೆಯ ತತ್ತ್ವ, ಇನ್ನೊಂದು ವಂಶದ ತತ್ತ್ವ. ಎರಡರ ಅನ್ವಯವೂ ಡುಲ್ಬಹಂತೆಗಳ ನೆಲದ ಮೇಲೆ. ಎರಡೂ ಸಭೆಗಳಲ್ಲಿ ಈ ಕುಲದ ಹಿರಿಯರು ಭಾಗವಹಿಸಿದ್ದರೆಂಬುದು ಅವರ ಇಕ್ಕಟ್ಟನ್ನು ಸೂಚಿಸುತ್ತದೆ. 2007ರಲ್ಲಿ ಸೊಮಾಲಿಲ್ಯಾಂಡ್ ಪಡೆಗಳು ಲಾಸ್ ಆನೋದನ್ನು ವಶಪಡಿಸಿಕೊಂಡವು. 2012ರಲ್ಲಿ ತಾಲೆಹ್‌ನಲ್ಲಿ ಸೇರಿದ ಸಭೆ ಖಾತುಮೊ ಎಂಬ ಪ್ರತ್ಯೇಕ ಆಡಳಿತವನ್ನು ಘೋಷಿಸಿತು. ಸಭೆಗೆ ಸಯ್ಯಿದನ ಕೋಟೆಯ ಊರನ್ನು ಆರಿಸಿಕೊಂಡದ್ದು ಆಕಸ್ಮಿಕವಲ್ಲ.

2023ರ ಫೆಬ್ರವರಿ 6ರಂದು ಲಾಸ್ ಆನೋದ್‌ನಲ್ಲಿ ಯುದ್ಧ ಸ್ಫೋಟಿಸಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ಆಸ್ಪತ್ರೆಯೂ ಫಿರಂಗಿಯ ಹೊಡೆತದಿಂದ ಉಳಿಯಲಿಲ್ಲ. ಆಗಸ್ಟ್ 25ರಂದು ಪಟ್ಟಣದ ಬಳಿಯ ಸೊಮಾಲಿಲ್ಯಾಂಡ್ ಸೇನಾನೆಲೆ ಸ್ಥಳೀಯ ಪಡೆಗಳ ವಶವಾಯಿತು. ಅಕ್ಟೋಬರ್‌ನಲ್ಲಿ ಮೊಗದಿಶು ಸರ್ಕಾರ ಇಲ್ಲಿನ ಆಡಳಿತಕ್ಕೆ ಮಧ್ಯಂತರ ಮಾನ್ಯತೆ ನೀಡಿತು. 2025ರಲ್ಲಿ ಅದು ಈಶಾನ್ಯ ರಾಜ್ಯವೆಂಬ ಹೆಸರನ್ನು ಪಡೆಯಿತು. ಈ ಹೋರಾಟದ ಉದ್ದಕ್ಕೂ ಕೇಳಿಬಂದ ವಾದಗಳಲ್ಲಿ ಒಂದು, ತಮ್ಮ ಪೂರ್ವಜರು ಬ್ರಿಟಿಷರೊಂದಿಗೆ ಯಾವ ಒಪ್ಪಂದಕ್ಕೂ ಸಹಿ ಹಾಕಿರಲಿಲ್ಲ ಎಂಬುದು.

ಸಮಾರೋಪ

ಡುಲ್ಬಹಂತೆ ಕುಲದ ಚರಿತ್ರೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಲಿಖಿತ ದಾಖಲೆಯ ಮೌನವೂ ಚರಿತ್ರೆಯ ಆಕರವೇ. ಇಲ್ಲದ ಒಪ್ಪಂದವೊಂದು ನೂರು ವರ್ಷಗಳಾಚೆ ಇರುವ ಒಪ್ಪಂದಗಳಷ್ಟೇ ಬಲ ಪಡೆಯಬಲ್ಲದು. ಎರಡನೆಯದು, ಮೌಖಿಕ ಪರಂಪರೆಯನ್ನು ಪ್ರಮಾಣವೆಂದು ಸ್ವೀಕರಿಸುವಾಗ ಅದರ ಆಯ್ಕೆಗಳನ್ನೂ ಪರೀಕ್ಷಿಸಬೇಕು. ತಾಲೆಹ್‌ನ ಕೋಟೆಯನ್ನು ನೆನೆಯುವ ಸ್ಮೃತಿ ಗರಾದ್ ಆಲಿಯ ಕೊಲೆಯನ್ನೂ ನೆನೆಯಬೇಕಾಗುತ್ತದೆ. ವಸಾಹತು ಅಧಿಕಾರಿ ಕುಲಗಳನ್ನು ನಕ್ಷೆಯ ಮೇಲೆ ಬಣ್ಣ ಬಳಿದು ಗುರುತಿಸಿದ. ಇಂದು ಅದೇ ಬಣ್ಣದ ತುಂಡುಗಳನ್ನು ಜನರೂ ತಮ್ಮ ಹಕ್ಕಿನ ಸಾಕ್ಷಿಯಾಗಿ ಮುಂದಿಡುತ್ತಿದ್ದಾರೆ. ಬಾವಿ ತನ್ನದಾದರೂ ಮಳೆ ಬಿದ್ದ ಕಡೆಯ ಮೇವು ಎಲ್ಲರದೂ ಎಂಬ ಹಳೆಯ ತಿಳಿವಳಿಕೆ ಆ ನಕ್ಷೆಗಳಲ್ಲಿ ಇಲ್ಲ. ಅದು ಇನ್ನೂ ಉಳಿದಿರುವುದು 'ಹೇರ್' ಕಟ್ಟಳೆಗಳಲ್ಲಿ ಮತ್ತು ಅವನ್ನು ಬಲ್ಲ ಹಿರಿಯರ ಬಾಯಲ್ಲಿ. ಅವುಗಳ ಸಂಗ್ರಹ ಮತ್ತು ವಿಮರ್ಶಾತ್ಮಕ ಅಧ್ಯಯನ ಜಾನಪದ ವಿದ್ವಾಂಸರ ಮುಂದಿರುವ ತುರ್ತು ಕೆಲಸ.