ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು ಮತ್ತು ನಮ್ಮ ವಾಡಿಯ ಭಟ್ಟಿಗಳು

ನಾನು ಮೂರನೇ ಈಯತ್ತೆಯಲ್ಲಿದ್ದಾಗ ಮನೆಗೆ ಮೆಹಮಾನರು ಬಂದರೆ ನನಗೊಂದು ಕೆಲಸ ಇರುತ್ತಿತ್ತು. ಅಮ್ಮಿ ನನ್ನ ಕೈಗೆ ಅಲ್ಯೂಮಿನಿಯಂ ಕಿಟ್ಲಿ, ಒಂದು ಬಟ್ಟೆ ಚೀಲ ಕೊಟ್ಟು ಸ್ಟೇಷನ್ ರಸ್ತೆಯ ಹೋಟೆಲಿಗೆ ಓಡಿಸುತ್ತಿದ್ದರು. ಗಲ್ಲಾದ ಮೇಲೆ ಕೂತಿದ್ದ ಚಾಚಾ ಕೆಳಗೆ ಬಗ್ಗಿ, "ಕ್ಯಾ ಹೋನಾ ಬೇಟಿ?" ಅಂತ ಕೇಳುವರು. "ಚಾರ್ ಚಾಯ್, ಏಕ್ ಡಜನ್ ಉಸ್ಮಾನಿಯಾ" ಅನ್ನುವುದರೊಳಗೆ ನನ್ನ ಕಣ್ಣು ಹಿಂದಿನ ಭಟ್ಟಿಯ ಕಡೆ ಹೋಗಿರುತ್ತಿತ್ತು. ಉದ್ದ ಹಿಡಿಕೆಯ ಕಟ್ಟಿಗೆ ಸಲಿಕೆಯಿಂದ ತಗಡಿನ ತಟ್ಟೆಗಳನ್ನು ಎಳೆದರೆ ತುಪ್ಪ, ಸಕ್ಕರೆ, ಹಾಲು ಬೆಂದ ವಾಸನೆ ರಸ್ತೆ ತನಕ ಬರುತ್ತಿತ್ತು. ಡಜನ್ ಮೇಲೆ ಒಂದು ಮುರುಕು ಬಿಸ್ಕತ್ತು ನನ್ನ ಪಾಲಿಗೆ. ಮನೆ ಮುಟ್ಟುವುದರೊಳಗೆ ಅದು ಮುಗಿದಿರುತ್ತಿತ್ತು.

ಆ ಹೋಟೆಲ್ ಈಗ ಇಲ್ಲ. ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಹೋದ ವರ್ಷ ತರಗತಿಯಲ್ಲಿ ಒಬ್ಬ ಹುಡುಗ, "ಟೀಚರ್, ನೀವು ಡೋನಟ್ ತಿಂದೀರೇನು?" ಅಂತ ಕೇಳಿದ. ಫೋನಿನಲ್ಲಿ ನೋಡಿದ್ದನಂತೆ. ನಮ್ಮ ಗುಲ್ಗುಲೆ, ಬಾಲುಶಾಹಿಗಳೂ ಹಿಟ್ಟು ಕರಿದು ಸಿಹಿ ಮಾಡಿದ್ದೇ ಅಲ್ಲವೇ ಅಂದೆ. ಉಸ್ಮಾನಿಯಾ ಬಿಸ್ಕತ್ತಿನ ಹೆಸರು ಹೇಳಿದರೆ ಅರ್ಧ ಮಕ್ಕಳು ಸುಮ್ಮನೆ ಕೂತರು. ನಮ್ಮ ಮಕ್ಕಳಿಗೆ ತಮ್ಮ ಓಣಿಯ ಭಟ್ಟಿಯ ಚರಿತ್ರೆ ಗೊತ್ತಿಲ್ಲ ಅಂದರೆ ಅದನ್ನು ಬರೆದಿಡದ ನಮ್ಮದೇ ತಪ್ಪು ಅನ್ನಿಸಿತು. ಅದಕ್ಕೇ ಈ ಲೇಖನ.

ವಾಡಿ ಅಂದರೆ ಸಣ್ಣ ಊರು, ಕೇರಿ. ಈ ಹೆಸರಿನ ಊರುಗಳು ಮಹಾರಾಷ್ಟ್ರದ ತುಂಬ ಇವೆ. ನಾಗಪುರದ ಪಕ್ಕ ಅಮರಾವತಿ ರಸ್ತೆಯಲ್ಲೂ ಒಂದು ವಾಡಿ ಇದೆ. ನಾನು ಹೇಳುತ್ತಿರುವುದು ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ವಾಡಿ ಜಂಕ್ಷನ್. ಈ ಊರನ್ನು ಊರು ಮಾಡಿದ್ದು ರೈಲು. ಬೊಂಬಾಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದ್ರಾಸಿನಿಂದ ಬಂದ ರೈಲ್ವೆ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ನಿಜಾಮರ ರಾಜಧಾನಿಗೆ ರೈಲು ಬೇಕಾಯಿತು. ವಾಡಿಯಿಂದ ಕವಲು ಒಡೆದು ಸಿಕಂದರಾಬಾದಿಗೆ ಹೋಗುವ ಮಾರ್ಗ 1874ರಲ್ಲಿ ತೆರೆಯಿತು. ಅಲ್ಲಿಂದ ಮುಂದೆ ಬೊಂಬಾಯಿಯಿಂದ ಹೈದರಾಬಾದಿಗೆ ರೈಲಿನಲ್ಲಿ ಹೋಗುವವರು ವಾಡಿ ದಾಟಿಯೇ ಹೋಗಬೇಕಾಯಿತು. ಆ ದಾರಿಯಲ್ಲಿ ಸರಕಾರಿ ಅಧಿಕಾರಿಗಳು ಬಂದರು, ಸಿಪಾಯಿಗಳು ಬಂದರು, ಉರುಸಿಗೆ ಹೋಗುವ ಯಾತ್ರಿಕರು ಬಂದರು. ರೊಟ್ಟಿ ಸುಡುವವರ ಕಸುಬೂ ಬಂತು.

ನಮ್ಮ ಕಡೆ ಜೋಳದ ರೊಟ್ಟಿ ಹಂಚಿನ ಮೇಲಿನದು. ಭಟ್ಟಿಯ ರೊಟ್ಟಿ ಹೊರಗಿನಿಂದ ಬಂದದ್ದು, ಅದರ ಹೆಸರುಗಳೇ ಈ ಮಾತಿಗೆ ಸಾಕ್ಷಿ. ಪಾವ್ ಎಂಬುದು ಪೋರ್ಚುಗೀಸರ ಮಾತು. ಗೋವಾದಿಂದ ಬೊಂಬಾಯಿಗೆ ಹೋಯಿತು. ನಾನ್ ಪಾರಸಿ ಮಾತು. ನಾನ್ ಖಟಾಯಿಯ ಕಥೆಯನ್ನು ಸೂರತ್ತಿಗೆ ಒಯ್ಯುತ್ತಾರೆ. ಅಲ್ಲಿ ಡಚ್ಚರು ಬಿಟ್ಟುಹೋದ ಬೇಕರಿಯನ್ನು ಒಬ್ಬ ಪಾರ್ಸಿ ಮುಂದುವರಿಸಿದ, ಉಳಿದ ರೊಟ್ಟಿಯನ್ನು ಒಣಗಿಸಿ ಮಾರಿದ, ಅಲ್ಲಿಂದ ಈ ತಿಂಡಿಗಳು ಹುಟ್ಟಿದವು ಅಂತ ಹೇಳುತ್ತಾರೆ. ನಮ್ಮ ದಖ್ಖನಿಯಲ್ಲಿ ಬ್ರೆಡ್ಡಿಗೆ ಡಬಲ್ ರೋಟಿ ಅಂದರು. ಅದನ್ನೇ ತುಪ್ಪದಲ್ಲಿ ಕರಿದು ಸಕ್ಕರೆ ಪಾಕ, ಹಾಲಿನಲ್ಲಿ ಅದ್ದಿದರೆ ನಮ್ಮ ಶಾದಿಗಳ ಡಬಲ್ ಕಾ ಮೀಠಾ.

ಚಹಾದ ಜೊತೆ ಈ ಭಟ್ಟಿಯನ್ನು ಕೂಡಿಸಿದವರು ಇರಾನಿಗಳು. ಹತ್ತೊಂಬತ್ತನೇ ಶತಮಾನದ ಕೊನೆ, ಇಪ್ಪತ್ತನೇ ಶತಮಾನದ ಮೊದಲಿನಲ್ಲಿ ಯಜ್ದ್, ಕೆರ್ಮಾನ್ ಕಡೆಯಿಂದ ಬಡವರು ಹೊಟ್ಟೆಪಾಡಿಗೆ ಹಿಂದೂಸ್ತಾನಕ್ಕೆ ಬಂದರು. 1870ರಿಂದ 1872ರ ತನಕ ಇರಾನಿನಲ್ಲಿ ಭೀಕರ ಬರಗಾಲ ಬಿದ್ದಿತ್ತು. ಜರತುಷ್ಟ್ರ ಧರ್ಮದವರಿಗೆ ಅಲ್ಲಿ ಕಿರುಕುಳವೂ ಇತ್ತು. ಬೊಂಬಾಯಿಯಲ್ಲಿ ನೆಲೆಸಿದ ಹೆಚ್ಚಿನವರು ಜರತುಷ್ಟ್ರದವರು, ಹೈದರಾಬಾದಿನಲ್ಲಿ ನೆಲೆಸಿದ ಹೆಚ್ಚಿನವರು ಶಿಯಾ ಮುಸಲ್ಮಾನರು. ಬೊಂಬಾಯಿಯ ಕಯಾನಿ 1904ರದು, ಬ್ರಿಟಾನಿಯಾ ಹೋಟೆಲ್ 1923ರದು. ಪುಣೆಯ ಗುಡ್‌ಲಕ್, ಹೈದರಾಬಾದ್ ಅಬಿಡ್ಸ್‌ನ ಗ್ರ್ಯಾಂಡ್ ಹೋಟೆಲ್ ಎರಡೂ 1935ರವು. ರಸ್ತೆಯ ಮೂಲೆಯ ಅಂಗಡಿಗಳನ್ನು ಅಪಶಕುನ ಅಂತ ಬೇರೆ ವ್ಯಾಪಾರಿಗಳು ಬಿಡುತ್ತಿದ್ದರಂತೆ, ಇರಾನಿಗಳು ಅದನ್ನೇ ಹಿಡಿದರಂತೆ. ಮೂಲೆಯ ಅಂಗಡಿಗೆ ಎರಡು ರಸ್ತೆಯಿಂದ ಗಿರಾಕಿ ಬರುತ್ತಾರೆ!

ನಮ್ಮೂರಿನ ಹೋಟೆಲ್ ಮಾಲೀಕರು ಇರಾನಿನವರಲ್ಲ. ಇಲ್ಲಿಯವರೇ, ಚಿಕ್ಕಂದಿನಲ್ಲಿ ಹೈದರಾಬಾದಿನ ಹೋಟೆಲಿನಲ್ಲಿ ಕಪ್ಪು ತೊಳೆದು, ಆಮೇಲೆ ಚಹಾ ಮಾಡುವುದು ಕಲಿತು, ಊರಿಗೆ ಬಂದು ಬೋರ್ಡ್ ಹಾಕಿದವರು. ಇರಾನಿ ಎಂಬುದು ಚಹಾದ ಹೆಸರಾಗಿತ್ತು. ಒಂದು ಹಂಡೆಯಲ್ಲಿ ಹಾಲು ಸಣ್ಣ ಉರಿಯ ಮೇಲೆ ಗಟ್ಟಿಯಾಗುತ್ತ ಇರುತ್ತದೆ. ಇನ್ನೊಂದರಲ್ಲಿ ಪುಡಿ, ನೀರು, ಸಕ್ಕರೆ ಹಾಕಿ ಬಾಯಿ ಮುಚ್ಚಿ ದಮ್ ಕೊಡುತ್ತಾರೆ. ಕಪ್ಪಿನಲ್ಲಿ ಎರಡನ್ನೂ ಕೂಡಿಸುತ್ತಾರೆ. ಹಾಲು ಜಾಸ್ತಿ ಇದ್ದರೆ ಪೌನಾ. ಬಶಿಗೆ ಸುರಿದು ಕುಡಿಯಬೇಕು. ಜೊತೆಗಿನ ಬಿಸ್ಕತ್ತಿಗೆ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರು. ಸಿಹಿಯ ಹಿಂದೆ ಸಣ್ಣ ಉಪ್ಪಿನ ರುಚಿ ಬರುವುದೇ ಅದರ ಗುರುತು. ಮೊಹರಂ ಬಂದರೆ ರವೆ, ತುಪ್ಪ, ಖೋವಾ ಹಾಕಿ ದಮ್ ಕಾ ರೋಟ್ ಸುಡುತ್ತಿದ್ದರು. ರಂಜಾನಿನಲ್ಲಿ ಸಹರಿ ಹೊತ್ತಿಗೂ ಭಟ್ಟಿ ಆರುತ್ತಿರಲಿಲ್ಲ. ಬೊಂಬಾಯಿಯ ಇರಾನಿ ಹೋಟೆಲುಗಳಲ್ಲಿ ಅಮೃತಶಿಲೆಯ ಮೇಜು ಇರುತ್ತವೆ. ನಮ್ಮಲ್ಲಿ ಪಕ್ಕದ ಶಹಾಬಾದಿನ ಫರ್ಸಿ ಕಲ್ಲೇ ಮೇಜು, ಅದೇ ಬೆಂಚು.

ಆ ಬೆಂಚಿನ ಮೇಲೆ ಯಾರು ಕೂರುತ್ತಿದ್ದರು ಎಂಬುದು ಈ ಚರಿತ್ರೆಯಲ್ಲಿ ನನಗೆ ಮುಖ್ಯ ಅನ್ನಿಸುವ ಮಾತು. ಬ್ರಿಟಿಷರ ಕಾಲದಲ್ಲಿ ರೈಲು ಸ್ಟೇಷನ್ನುಗಳಲ್ಲಿ ಹಿಂದೂ ಪಾನಿ, ಮುಸ್ಲಿಂ ಪಾನಿ ಅಂತ ಬೇರೆ ಬೇರೆ ಕೊಡಗಳಿದ್ದವು. ಹಿಂದೂ ಚಾಯ್, ಮುಸ್ಲಿಂ ಚಾಯ್ ಅಂತ ಕೂಗಿ ಮಾರುತ್ತಿದ್ದರು. ಅಂಥ ಕಾಲದಲ್ಲಿ ದುಡ್ಡು ಕೊಟ್ಟವರಿಗೆಲ್ಲ ಒಂದೇ ಕಪ್ಪು ಇಟ್ಟ ಇರಾನಿ ಹೋಟೆಲು ಸಣ್ಣ ಸಂಗತಿಯಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ಅನುಚ್ಛೇದ ಅಂಗಡಿ, ಹೋಟೆಲುಗಳ ಹೆಸರು ಎತ್ತಿಯೇ, ಧರ್ಮ ಜಾತಿಯ ಕಾರಣಕ್ಕೆ ಯಾರನ್ನೂ ಒಳಗೆ ಬಿಡದೆ ಇರಬಾರದು ಅಂತ ಹೇಳಿತು. ದೇಶದ ಸಂವಿಧಾನದಲ್ಲಿ ಹೋಟೆಲಿನ ಮಾತು ಯಾಕೆ ಬಂತು ಅಂತ ಮಕ್ಕಳು ಕೇಳಿದರೆ ನಾನು ಈ ಎರಡು ಕೊಡಗಳ ಕಥೆ ಹೇಳುತ್ತೇನೆ.

ನಮ್ಮ ಭಾಗಕ್ಕೆ ಇನ್ನೊಂದು ಗಾಯವಿದೆ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಿಂದ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ಅದಕ್ಕೆ ಮೊದಲು ರಜಾಕಾರರ ಹಾವಳಿಯಲ್ಲಿ ಹಿಂದೂಗಳು ನೊಂದರು. ಆಮೇಲಿನ ದಿನಗಳಲ್ಲಿ ಮುಸಲ್ಮಾನರು ನೊಂದರು. ಸರಕಾರ ಕಳಿಸಿದ ಸುಂದರಲಾಲ್ ಸಮಿತಿ ಹೆಚ್ಚು ಸಾವು ಕಂಡ ನಾಲ್ಕು ಜಿಲ್ಲೆಗಳ ಹೆಸರು ಬರೆಯಿತು. ಅದರಲ್ಲಿ ಗುಲ್ಬರ್ಗಾ, ಬೀದರ್ ಎರಡೂ ಇವೆ. ನಮ್ಮ ದಾದಾ ಆ ದಿನಗಳ ಬಗ್ಗೆ ಮಾತಾಡುತ್ತಿರಲಿಲ್ಲ. ಕೇಳಿದರೆ ಒಂದೇ ಮಾತು: "ಹೋಟೆಲ್ ಬಾಗಿಲು ತೆಗೆದರು, ಜನ ಚಹಾಕ್ಕೆ ಬಂದರು, ಆವಾಗ ಜೀವಕ್ಕೆ ಧೈರ್ಯ ಬಂತು." ಯಾರು ಬಂದರು ಅಂತ ಅವರು ಬಿಡಿಸಿ ಹೇಳಲಿಲ್ಲ. ಎಲ್ಲರೂ ಬಂದರು ಅನ್ನುವುದೇ ಅದರ ಅರ್ಥ ಅಂತ ನಾನು ತಿಳಿದಿದ್ದೇನೆ.

1968ರಲ್ಲಿ ವಾಡಿಯಲ್ಲಿ ಎಸಿಸಿ ಸಿಮೆಂಟ್ ಕಾರ್ಖಾನೆ ಶುರುವಾಯಿತು. ಆಂಧ್ರ, ಮಹಾರಾಷ್ಟ್ರ, ಉತ್ತರ ಭಾರತದಿಂದ ಕೆಲಸಗಾರರು ಬಂದರು. ನಾನು ಕಂಡ ಹೋಟೆಲ್ ಅವರದ್ದು. ಭೋಂಗಾ ಆಗುತ್ತಲೇ ಸಿಮೆಂಟಿನ ಧೂಳು ಮೆತ್ತಿದ ಬಟ್ಟೆಯಲ್ಲೇ ಬಂದು ಕೂರುವರು. ರೈಲ್ವೆ ಗ್ಯಾಂಗ್‌ಮನ್ನರು, ಶಾಲಾ ಮಾಸ್ತರರು, ಲಾರಿ ಡ್ರೈವರುಗಳು. ಕನ್ನಡ, ಉರ್ದು, ತೆಲುಗು, ಮರಾಠಿ ಪೇಪರುಗಳು ಹಾಳೆ ಹಾಳೆಯಾಗಿ ಮೇಜಿನಿಂದ ಮೇಜಿಗೆ ಹೋಗುತ್ತಿದ್ದವು. ನನ್ನ ಅಬ್ಬಾ ಕನ್ನಡ ಓದುವುದು ಕಲಿತಿದ್ದೇ ಅಲ್ಲಿ, ಪಕ್ಕದವರನ್ನು ಕೇಳಿ ಕೇಳಿ.

ಆದರೆ ನೆನಪು ಸಿಹಿಯಾಗಿದೆ ಅಂತ ಚರಿತ್ರೆಗೆ ಸಕ್ಕರೆ ಹಾಕಬಾರದು. ಆ ಬೆಂಚು ಗಂಡಸರದ್ದು. ನನಗೆ ಹನ್ನೆರಡು ತುಂಬಿದ ಮೇಲೆ ಕಿಟ್ಲಿ ತಮ್ಮನ ಕೈಗೆ ಹೋಯಿತು. ದೊಡ್ಡ ಊರಿನ ಇರಾನಿ ಹೋಟೆಲುಗಳಲ್ಲಿ ಹೆಂಗಸರಿಗೆ ಫ್ಯಾಮಿಲಿ ರೂಮ್ ಇರುತ್ತಿತ್ತು, ನಮ್ಮಲ್ಲಿ ಅದೂ ಇರಲಿಲ್ಲ. ಅಮ್ಮಿ ಮೂವತ್ತು ವರ್ಷ ಆ ಚಹಾ ಕುಡಿದರು, ಒಮ್ಮೆಯೂ ಅದನ್ನು ಅಲ್ಲಿ ಕೂತು ಕುಡಿಯಲಿಲ್ಲ. ಹಳ್ಳಿಗಳ ಕಡೆಯ ಚಹಾದಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುವುದು ಸಂವಿಧಾನ ಬಂದ ಮೇಲೂ ನಿಲ್ಲಲಿಲ್ಲ.

ಈ ಹೋಟೆಲು, ಭಟ್ಟಿಗಳು ಯಾಕೆ ಹೋದವು? ಒಂದೇ ಕಾರಣ ಹೇಳಿದರೆ ಸುಳ್ಳಾಗುತ್ತದೆ. ಮೊದಲನೆಯದು ಕಾರ್ಖಾನೆಯ ಬಿಸ್ಕತ್ತು, ಬ್ರೆಡ್ಡು. ಪಾರ್ಲೆ ಬಿಸ್ಕತ್ತು 1939ರಲ್ಲೇ ಶುರುವಾಗಿತ್ತು. 1965ರಲ್ಲಿ ಸರಕಾರವೇ ಮಾಡರ್ನ್ ಬೇಕರೀಸ್ ಕಂಪನಿ ಕಟ್ಟಿ ಮೇಣದ ಕಾಗದದಲ್ಲಿ ಬ್ರೆಡ್ ಮಾರಿತು, 2000ದಲ್ಲಿ ಅದನ್ನು ಖಾಸಗಿ ಕಂಪನಿಗೆ ಮಾರಿತು. ಪ್ಯಾಕೆಟ್ ತಿಂಗಳುಗಟ್ಟಲೆ ಕೆಡುವುದಿಲ್ಲ, ಭಟ್ಟಿಯದು ವಾರದಲ್ಲಿ ಮೆತ್ತಗಾಗುತ್ತದೆ. ಎರಡನೆಯದು ಕಟ್ಟಿಗೆ, ತುಪ್ಪ, ಮೈದಾದ ಬೆಲೆ. ತುಪ್ಪದ ಜಾಗಕ್ಕೆ ಡಾಲ್ಡಾ ಬಂತು, ರುಚಿ ಹೋಯಿತು, ಗಿರಾಕಿ ಹೋದ. ಮೂರನೆಯದು ರೈಲು. ಉಗಿ ಎಂಜಿನಿನ ಕಾಲದಲ್ಲಿ ನೀರು, ಕಲ್ಲಿದ್ದಲು ಅಂತ ಗಾಡಿ ಜಂಕ್ಷನ್ನಿನಲ್ಲಿ ತಡೆದು ನಿಲ್ಲುತ್ತಿತ್ತು. ಈಗ ಕೆಲವೇ ನಿಮಿಷ, ಇಳಿದು ಹೊರಗೆ ಬರುವವರಿಲ್ಲ. ನಾಲ್ಕನೆಯದು ಹೊತ್ತು. ಒಂದು ಚಹಾಕ್ಕೆ ಒಂದು ತಾಸು ಕೂರುವ ಗಿರಾಕಿಯಿಂದ ಇವತ್ತಿನ ಬಾಡಿಗೆ ಹುಟ್ಟುವುದಿಲ್ಲ. ಬೊಂಬಾಯಿಯಲ್ಲಿ ಒಂದು ಕಾಲಕ್ಕೆ ನೂರಾರು ಇದ್ದ ಇರಾನಿ ಹೋಟೆಲುಗಳು ಈಗ ಬೆರಳೆಣಿಕೆಗೆ ಇಳಿದಿವೆ. ಹೈದರಾಬಾದಿನಲ್ಲಿ ಉಳಿದ ಎಷ್ಟೋ ಹೋಟೆಲುಗಳು ಬಿರಿಯಾನಿಯಿಂದ ಉಳಿದಿವೆ.

ಐದನೆಯ ಕಾರಣಕ್ಕೆ ಬೇಸರಪಡಬೇಕೋ ಸಂತೋಷಪಡಬೇಕೋ ತಿಳಿಯದು. ಮಕ್ಕಳು ಓದಿದರು. ನಮ್ಮ ಚಾಚಾರ ದೊಡ್ಡ ಮಗ ಡಿಪ್ಲೊಮಾ ಮಾಡಿ ದುಬೈಗೆ ಹೋದ, ಸಣ್ಣವ ಬೆಂಗಳೂರಿಗೆ. ನಾಲ್ಕು ಗಂಟೆಗೆ ಎದ್ದು ಹಿಟ್ಟು ನಾದುವವರು ಯಾರು? ಡೋನಟ್ ಕೇಳಿದ ಆ ಹುಡುಗನಿಗಾಗಿ ಓದುವಾಗ ಇದೇ ಕಥೆ ಅಮೆರಿಕದಲ್ಲೂ ಸಿಕ್ಕಿತು. ಕಾಂಬೋಡಿಯಾದ ಯುದ್ಧದಿಂದ ತಪ್ಪಿಸಿಕೊಂಡು 1975ರಲ್ಲಿ ಕ್ಯಾಲಿಫೋರ್ನಿಯಾ ಸೇರಿದ ಟೆಡ್ ನ್ಗೋಯ್ ಡೋನಟ್ ಮಾಡುವುದು ಕಲಿತು ಅಂಗಡಿ ಇಟ್ಟರು, ತಮ್ಮ ದೇಶದ ನಿರಾಶ್ರಿತರಿಗೆಲ್ಲ ಆ ಕಸುಬು ಕಲಿಸಿದರು. ಅಲ್ಲಿನ ಓಣಿಯ ಡೋನಟ್ ಅಂಗಡಿಗಳಲ್ಲಿ ಬಹುಪಾಲು ಕಾಂಬೋಡಿಯಾದ ಕುಟುಂಬಗಳ ಕೈಗೆ ಬಂದವು. ಅವರ ಮಕ್ಕಳೂ ಕಾಲೇಜು ಓದಿ ಬೇರೆ ಕೆಲಸ ಹಿಡಿದರು, ಎಷ್ಟೋ ಅಂಗಡಿಗಳಿಗೆ ವಾರಸುದಾರರಿಲ್ಲ. ಯಜ್ದಿನಿಂದ ಬಂದವರ ಕಥೆಯೂ, ನಮ್ಮ ಚಾಚಾರ ಕಥೆಯೂ ಇದೇ. ಅಪ್ಪ ಭಟ್ಟಿಯ ಮುಂದೆ ಬೆಂದಿದ್ದೇ ಮಕ್ಕಳು ಬೇಯಬಾರದು ಅಂತ.

ಇದೆಲ್ಲ ಕಾಲದ ಓಟ ಅಂತ ಒಪ್ಪಿಕೊಳ್ಳಬಹುದು. ಒಪ್ಪಲಾಗದ್ದು ಇನ್ನೊಂದಿದೆ. 2022ರಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಬಾರದು ಅಂತಾಯಿತು. ಅದೇ ಯುಗಾದಿ ಹೊತ್ತಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಕರೆಯೂ ಬಂತು. ಯಾರ ಅಂಗಡಿ ಅಂತ ಕೇಳಿ ತಿನ್ನುವ ಮಾತು ಫೋನುಗಳಲ್ಲಿ ನಮ್ಮೂರಿಗೂ ಬಂತು. ನಾನು ಕಿಟ್ಲಿ ಹಿಡಿದು ನಿಂತ ದಿನಗಳಲ್ಲಿ ಬಿಸ್ಕತ್ತು ಇವತ್ತಿನದೋ ನಿನ್ನೆಯದೋ ಅಂತ ಕೇಳುತ್ತಿದ್ದರು. ಬೇರೆ ಪ್ರಶ್ನೆ ನಾನು ಕೇಳಲಿಲ್ಲ. ಎರಡು ಕೊಡಗಳು ಇತಿಹಾಸದ ಪಾಠದಿಂದ ಎದ್ದು ಮತ್ತೆ ಊರಿಗೆ ಬಂದವೇನೋ ಎಂಬ ಹೆದರಿಕೆ ನನಗಿದೆ. ಒಂದು ಬೆಂಚು ಹೋದರೆ ಒಬ್ಬರ ಬಗ್ಗೆ ಒಬ್ಬರು ಕೇಳಿ ತಿಳಿಯುವ ಜಾಗ ಹೋಗುತ್ತದೆ. ಆಮೇಲೆ ಫೋನು ಹೇಳಿದ್ದೇ ನಿಜ.

ಹೀಗಾಗಿ ಈ ವರ್ಷ ನನ್ನ ಎಂಟನೇ ತರಗತಿ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೇನೆ. ಮನೆಯ ಹಿರಿಯರನ್ನು ಕೇಳಿ ಬರೆಯಬೇಕು: ನಿಮ್ಮ ಓಣಿಯ ಹಳೆಯ ಹೋಟೆಲ್, ಬೇಕರಿ ಯಾವುದು? ಯಾರು ನಡೆಸುತ್ತಿದ್ದರು, ಕಸುಬು ಎಲ್ಲಿ ಕಲಿತರು? ಏನು ಸಿಗುತ್ತಿತ್ತು, ಎಷ್ಟಕ್ಕೆ? ಯಾರು ಯಾರು ಕೂರುತ್ತಿದ್ದರು, ಯಾರು ಕೂರುತ್ತಿರಲಿಲ್ಲ? ಯಾವಾಗ ಮುಚ್ಚಿತು? ಕೊನೆಯಿಂದ ಎರಡನೇ ಪ್ರಶ್ನೆಯ ಅರ್ಧ ಭಾಗಕ್ಕೆ ಉತ್ತರ ತರುವುದು ಕಷ್ಟ ಅಂತ ಮಕ್ಕಳು ಹೇಳುತ್ತಿದ್ದಾರೆ. ಮತ್ತೆ ಕೇಳಿ ಅಂದಿದ್ದೇನೆ. ಇದನ್ನು ಓದುವ ವಿದ್ಯಾರ್ಥಿಗಳೂ ತಮ್ಮ ಊರಿನಲ್ಲಿ ಇದೇ ಕೆಲಸ ಮಾಡಬಹುದು, ಹಿರಿಯರು ಇರುವಾಗಲೇ.

ಹೋದ ತಿಂಗಳು ಅಮ್ಮಿಯನ್ನು ಹೈದರಾಬಾದಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ವಾಪಸು ಬರುವಾಗ ಸ್ಟೇಷನ್ ಹತ್ತಿರದ ಇರಾನಿ ಹೋಟೆಲಿಗೆ ಹೋಗಿ ಇಬ್ಬರೂ ಕೂತೆವು. ಎರಡು ಚಹಾ, ನಾಲ್ಕು ಉಸ್ಮಾನಿಯಾ. ಅಮ್ಮಿ ಬಶಿಗೆ ಸುರಿದುಕೊಂಡು ಕುಡಿದರು, ಸುತ್ತ ನೋಡಿದರು, "ಗರಮ್ ಪೀನೇ ಕಾ ಮಜಾ ಅಲಗ್ ಹೈ" ಅಂದರು. ಮೂವತ್ತು ವರ್ಷ ಅವರು ಕುಡಿದದ್ದು ಕಿಟ್ಲಿಯಲ್ಲಿ ಆರಿದ ಚಹಾ.